ಪರವಾಗಿಲ್ಲ, ಹಾಕ್ಕೊಂಡೇ ಬನ್ನಿ!

ಕಾಟನ್‌ಪೇಟೆಯ ಪ್ರತಿ ಅಡ್ಡರಸ್ತೆಗೂ ಒಬ್ಬರು ಪರವಾಗಿಲ್ಲ ಮಾಮ ಇರುತ್ತಾರೆ. ಜಾತಿ ಬೇರೆ ಇರಬಹುದು, ಮನೆಮಾತು ಕನ್ನಡವೋ ತೆಲುಗೋ ಮರಾಠಿಯೋ ಇರಬಹುದು. ಬಾಗಿಲಲ್ಲಿ ನಿಂತು ಆಡುವ ಮಾತು ಮಾತ್ರ ಎಲ್ಲರದೂ ಒಂದೇ. ನೀವು ಹೊಸ್ತಿಲಾಚೆ ಬಗ್ಗಿ ಬೂಟಿನ ಲೇಸಿಗೆ ಕೈ ಹಾಕಿರುತ್ತೀರಿ. ಒಳಗಿನಿಂದ ಮಾಮ ಎರಡೂ ಕೈ ಚಾಚಿಕೊಂಡು ಓಡಿಬರುತ್ತಾರೆ. "ಅಯ್ಯಯ್ಯೋ, ಅದನ್ನೆಲ್ಲ ಯಾಕೆ ಬಿಚ್ತೀರಾ? ಪರವಾಗಿಲ್ಲ, ಹಾಕ್ಕೊಂಡೇ ಬನ್ನಿ!" ಬಾಯಿ ಹೀಗೆ ಉಪಚಾರ ಮಾಡುತ್ತಿರುವಷ್ಟು ಹೊತ್ತೂ ಕಣ್ಣು ನಿಮ್ಮ ಬೂಟಿನ ಅಟ್ಟೆಯ ಮೇಲಿರುತ್ತದೆ. ಪೇಟೆಯಲ್ಲಿ ಹುಟ್ಟಿ ಬೆಳೆದವನು ಬಾಯಿಗೆ ನಮಸ್ಕಾರ ಹಾಕಿ ಕಣ್ಣಿನ ಮಾತು ಕೇಳುತ್ತಾನೆ. "ಇಲ್ಲ ಮಾಮ, ಬೆಳಗ್ಗಿಂದ ಹಾಕ್ಕೊಂಡು ಕಾಲೆಲ್ಲ ಸೆಕೆ" ಎಂದು ಯಾರಿಗೂ ನಷ್ಟವಿಲ್ಲದ ಸುಳ್ಳೊಂದನ್ನು ಹೇಳಿ, ಬಿಚ್ಚಿಟ್ಟೇ ಒಳಗೆ ಬರುತ್ತಾನೆ. "ನೋಡಿ, ನಾನು ಬೇಡ ಅಂದ್ರೂ ಕೇಳಲಿಲ್ಲ" ಎಂದು ಮಾಮ ಬೇಸರಪಟ್ಟುಕೊಳ್ಳುತ್ತಾರೆ. ಆ ಬೇಸರದಲ್ಲಿ ಎಂಥ ಸಂತೋಷ!

ನಮ್ಮ ಅಡ್ಡರಸ್ತೆಯ ಮಾಮ ಬಿನ್ನಿ ಮಿಲ್ಲಿನವರು. 1884ರಲ್ಲಿ ಶುರುವಾದ ಬೆಂಗಳೂರು ವುಲನ್, ಕಾಟನ್ ಅಂಡ್ ಸಿಲ್ಕ್ ಮಿಲ್ಸ್ ಎಂಬ ಅಷ್ಟುದ್ದದ ಹೆಸರು ಕಾಗದದ ಮೇಲೆ ಮಾತ್ರ ಇತ್ತು. ಪೇಟೆಯವರಿಗೆ ಅದು ಕೊನೆಯವರೆಗೂ ಬಿನ್ನಿ ಮಿಲ್ಲೇ. ಮಾಮನದು ಅಲ್ಲಿ ಟೈಂ ಆಫೀಸಿನ ಕೆಲಸ. ಗೇಟಿನ ಪಕ್ಕ ಕೂತು ಯಾರು ಎಷ್ಟು ಹೊತ್ತಿಗೆ ಒಳಗೆ ಹೋದರು, ಎಷ್ಟು ಹೊತ್ತಿಗೆ ಹೊರಗೆ ಬಂದರು ಎಂದು ಬರೆದುಕೊಳ್ಳುವುದು. ಮಿಲ್ಲು ಮುಚ್ಚಿತು, ಆ ಜಾಗದಲ್ಲಿ ಅಪಾರ್ಟ್‌ಮೆಂಟುಗಳೆದ್ದವು. ಮಾಮನ ಗೇಟು ಮಾತ್ರ ಮುಚ್ಚಲಿಲ್ಲ, ಸ್ವಂತ ಮನೆಯ ಬಾಗಿಲಿಗೆ ಅವರಿಗೆ ವರ್ಗವಾಯಿತು ಅಷ್ಟೆ.

ಮಾಮನ ಕಷ್ಟ ಅರ್ಥವಾಗಬೇಕಾದರೆ ಪೇಟೆಯ ಮನೆ ನೋಡಿರಬೇಕು. ಬಸವನಗುಡಿ, ಮಲ್ಲೇಶ್ವರದವರದು ಬೇರೆ ಕತೆ. ಪ್ಲೇಗಿನ ಭಯಕ್ಕೆ ಊರಾಚೆ ಗಾಳಿ ಬೆಳಕು ನೋಡಿ ಬೆಳೆಸಿದ ಬಡಾವಣೆಗಳು ಅವು. ಅಲ್ಲಿ ಗೇಟು, ಹೂವಿನ ಗಿಡ, ವರಾಂಡ ಎಲ್ಲ ದಾಟಿ ಮನೆಯೊಳಗೆ ಬರುವ ಹೊತ್ತಿಗೆ ಬೀದಿಯ ಮಣ್ಣಿಗೇ ಸುಸ್ತಾಗಿರುತ್ತದೆ. ಪೇಟೆಯಲ್ಲಿ ಹಾಗಲ್ಲ. ಬೀದಿ, ಒಂದು ಮೊಳ ಜಗುಲಿ, ಹೊಸ್ತಿಲು, ನಡುಮನೆ. ಅರಳೇಪೇಟೆ ಅನ್ನುವ ಕಾಲದಲ್ಲಿ ಹತ್ತಿ ಮೂಟೆ ಇಳಿಯುತ್ತಿದ್ದ ಬೀದಿಯಲ್ಲಿ ಈಗ ಏನೇನೋ ಇಳಿಯುತ್ತದೆ. ಲಗೇಜು ಆಟೋ, ಕೈಗಾಡಿ, ಎಲೆಅಡಿಕೆ ಉಗುಳು, ಪೈಪಿಗೆಂದು ಅಗೆದು ಮುಚ್ಚಿ, ಮುಚ್ಚಿದ್ದು ಮರೆತು ಮತ್ತೆ ಅಗೆದ ಮಣ್ಣು. ಇವೆಲ್ಲಕ್ಕೂ ದೇವರ ಮನೆಗೂ ನಡುವೆ ಎರಡೇ ಹೆಜ್ಜೆ. ಆ ಎರಡು ಹೆಜ್ಜೆಗೆ ಮಾಮ ಕಾವಲು.

ಹಿಂದೆ ಕೆಂಪು ಗಾರೆಯ ನೆಲವಿದ್ದಾಗ ಇಷ್ಟೊಂದು ಆತಂಕ ಇರಲಿಲ್ಲವಂತೆ. ಗಾರೆ ನೆಲ ದೊಡ್ಡಮನಸ್ಸಿನದು, ಬಂದ ಕೊಳೆಯಲ್ಲಿ ಅರ್ಧವನ್ನು ತನ್ನ ಬಣ್ಣದಲ್ಲೇ ಮುಚ್ಚಿಟ್ಟುಕೊಳ್ಳುತ್ತಿತ್ತು. ಮಗ ಸಂಬಳ ಬಂದ ಹುರುಪಿನಲ್ಲಿ ಬಿಳಿ ಟೈಲ್ಸ್ ಹಾಕಿಸಿದ. ಬಿಳಿ ಟೈಲ್ಸು ಚಾಡಿಕೋರ ನಾದಿನಿಯ ಹಾಗೆ. ಯಾರು ಬಂದರು, ಎಲ್ಲಿಂದ ಬಂದರು, ಎಷ್ಟು ಹೆಜ್ಜೆ ಇಟ್ಟರು, ಎಲ್ಲವನ್ನೂ ಅತ್ತೆಯ ಮುಂದೆ ಒದರಿಬಿಡುತ್ತದೆ. ಮಾಮನ ಹೆಂಡತಿಯನ್ನು ಬೀದಿಯ ನಾವೆಲ್ಲರೂ ಅತ್ತೆ ಅನ್ನುವುದು. ಒರೆಸುವ ಬಟ್ಟೆ ಅವರ ಕೈಯಲ್ಲಿ, ಒರೆಸುವಂತೆ ಮಾಡಿದ ಪಾಪ ಮಾಮನ ತಲೆಯ ಮೇಲೆ.

ಬಾಯಿಯ ಮಾತು ನಂಬಿ ಕೆಟ್ಟವನು ಒಬ್ಬನಿದ್ದ. ಮಗನ ಸಾಲದ ವಿಚಾರಣೆಗೆಂದು ಬ್ಯಾಂಕಿನಿಂದ ಬಂದ ಹುಡುಗ, ಹೊರಗಿನ ಊರಿನವನು. ಮಾಮ ಯಥಾಪ್ರಕಾರ, "ಪರವಾಗಿಲ್ಲ ಸಾರ್, ಹಾಕ್ಕೊಂಡೇ ಬನ್ನಿ" ಅಂದರು. ಅವನು "ಥ್ಯಾಂಕ್ಸ್" ಎಂದು ಬಂದೇಬಿಟ್ಟ! ಮಾಮನ ಬಾಯಿ ತೆರೆದಿದ್ದು ತೆರೆದಂತೆಯೇ ನಿಂತಿತು. ಹೇಳಿದ್ದನ್ನು ಹೇಳಿದಂತೆ ಮಾಡುವ ಮನುಷ್ಯನನ್ನು ಅವರು ಅದುವರೆಗೆ ಕಂಡಿರಲಿಲ್ಲ. ಹುಡುಗ ಸೋಫಾದಲ್ಲಿ ಕೂತು ಕಾಲ ಮೇಲೆ ಕಾಲು ಹಾಕಿದ. ಮೇಲಿನ ಬೂಟಿನ ಅಟ್ಟೆ ನೇರವಾಗಿ ಗೋಡೆಯ ವೆಂಕಟರಮಣನ ಕಡೆಗೆ ತಿರುಗಿತು. ಮಾಮ ದೇವರ ಪಟವನ್ನು ನೋಡಿದರು, ಅಟ್ಟೆಯನ್ನು ನೋಡಿದರು, ಕೇಳಿದ ಪ್ರಶ್ನೆಗೆಲ್ಲ ತಪ್ಪು ಉತ್ತರ ಕೊಟ್ಟರು. ಮಗನ ಸಂಬಳವನ್ನು ಇದ್ದುದಕ್ಕಿಂತ ಕಡಿಮೆ ಹೇಳಿದರು. ಹುಡುಗ ಎದ್ದು ಬೀದಿಗಿಳಿದವನು, ಸಹಿಯೊಂದು ಬಿಟ್ಟುಹೋಯಿತೆಂದು ನೆನಪಾಗಿ ಅರ್ಧ ನಿಮಿಷದಲ್ಲಿ ತಿರುಗಿ ಬಂದರೆ, ನಡುಮನೆಯಲ್ಲಿ ಫಿನಾಯಿಲ್ ವಾಸನೆ, ಅತ್ತೆಯ ಕೈಯಲ್ಲಿ ಬಕೆಟ್ಟು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. "ದಿನಾ ಈ ಹೊತ್ತಿಗೇ ಒರೆಸೋದು" ಎಂದರು ಅತ್ತೆ. ಸಾಲ ಮಂಜೂರಾಯಿತು, ಅದು ಬೇರೆ ಮಾತು.

ಗ್ಯಾಸಿನ ಸಿಲಿಂಡರ್ ಹೊತ್ತು ತರುವವನಿಗೆ ಮಾತ್ರ ಮಾಮನಲ್ಲಿ ಮಾಫಿ. ಭಾರ ಹೊತ್ತವನನ್ನು ನಿಲ್ಲಿಸಿ ಚಪ್ಪಲಿ ಬಿಡು ಅನ್ನುವಷ್ಟು ಕಲ್ಲುಮನಸ್ಸು ಅವರದಲ್ಲ. ಅಡುಗೆಮನೆಯವರೆಗೆ ಹಳೇ ಪೇಪರು ಹಾಸುತ್ತಾರೆ. ಚುನಾವಣೆಗೆ ನಿಂತವರು ಹಿಂಬಾಲಕರೊಂದಿಗೆ ಬಂದಾಗ ಪೇಪರೂ ಸಾಲದು, ತಾವೇ ಹೊರಗೆ ಬಂದು ಜಗುಲಿಯ ಮೇಲೆ ನಿಂತು, "ಓಟು ನಿಮಗೇ" ಎಂದು ಅಲ್ಲಿಂದಲೇ ಸಾಗಹಾಕುತ್ತಾರೆ. ಎಲ್ಲ ಪಕ್ಷದವರಿಗೂ.

ಉಳಿದವರನ್ನು ಮಾಮ ಅಳೆಯುವುದು ಬಿಚ್ಚಿಟ್ಟ ಚಪ್ಪಲಿಯಿಂದ. ಮುಖ ನೋಡುವ ಮೊದಲು ಹಿಮ್ಮಡಿ ನೋಡಬೇಕು ಎನ್ನುವುದು ಅವರ ಸಿದ್ಧಾಂತ. ಅಟ್ಟೆ ಸವೆದು ಮೇಲೆ ಪಾಲಿಶ್ ಇದ್ದರೆ ಸಾಲ ಕೇಳಲು ಬಂದವನು. ಉಂಗುಷ್ಠಕ್ಕೆ ಪಿನ್ನು ಚುಚ್ಚಿದ್ದರೆ ದುಡ್ಡಿರುವ ಜಿಪುಣ. ಮಗಳನ್ನು ನೋಡಲು ಒಂದು ಗಂಡು ಬಂದಿತ್ತು. ಒಳ್ಳೆಯ ಕೆಲಸ, ಒಳ್ಳೆಯ ಮನೆತನ, ಉಪ್ಪಿಟ್ಟನ್ನೂ ಎರಡನೇ ಸಲ ಹಾಕಿಸಿಕೊಂಡಿತು. ಅವರು ಹೋದ ಮೇಲೆ ಮಾಮ ಬೇಡವೆಂದರು. ಒಂದು ಬೂಟು ಬಾಗಿಲ ಬಲಕ್ಕಿತ್ತು, ಇನ್ನೊಂದು ಜಗುಲಿಯ ಆ ತುದಿಯಲ್ಲಿ. "ಎರಡು ಬೂಟನ್ನು ಜೊತೆಗಿಡಕ್ಕೆ ಬರದವನು ಹೆಂಡ್ತಿ ಜೊತೆ ಹೇಗಿರ್ತಾನೆ?" ಗಂಡಿನ ಮನೆಗೆ ಜಾತಕ ಕೂಡಲಿಲ್ಲವೆಂದು ಹೇಳಿ ಕಳಿಸಿದರು.

ಇದೇ ಮಾಮನನ್ನು ಮದುವೆಯ ಛತ್ರದಲ್ಲಿ ನೋಡಬೇಕು. ಅವರ ಹತ್ತಿರ ಅಥಣಿಯ ಚಪ್ಪಲಿಯ ಒಂದು ಜೊತೆ ಇದೆ. ಕೊಲ್ಹಾಪುರಿ ಅಂತ ಯಾರಾದರೂ ಅಂದರೆ ಮುಗಿಯಿತು. 2019ರಲ್ಲಿ ಅದಕ್ಕೆ ಜಿಐ ಮಾನ್ಯತೆ ಸಿಕ್ಕಾಗ ಮಹಾರಾಷ್ಟ್ರದ 4 ಜಿಲ್ಲೆಗಳ ಜೊತೆಗೆ ನಮ್ಮ ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರಗಳೂ ಸೇರಿವೆ ಎಂದು ಪಾಠ ಶುರುವಾಗುತ್ತದೆ. ಅಂಥ ಚಪ್ಪಲಿಯನ್ನು ಛತ್ರದ ಬಾಗಿಲಲ್ಲಿ ಬಿಡುವಾಗ ಮಾಮ ಒಂದನ್ನು ಕಂಬದ ಹಿಂದೆ, ಇನ್ನೊಂದನ್ನು ಅಡುಗೆಯವರ ಓಣಿಯಲ್ಲಿ ಬಿಡುತ್ತಾರೆ. ಒಂಟಿ ಚಪ್ಪಲಿಯನ್ನು ಕದ್ದವನು ಏನು ಮಾಡಿಕೊಂಡಾನು ಎಂಬ ಲೆಕ್ಕ. ಊಟದ ಮೇಲೆ ಒಮ್ಮೆ ಅರ್ಧ ಗಂಟೆ ಹುಡುಕಿದರು. ಪಕ್ಕದಲ್ಲಿ ಎಲೆಅಡಿಕೆ ಚೀಲ ಹಿಡಿದು ನಿಂತಿದ್ದ ಅತ್ತೆ, "ಪಾಪ, ಆ ಹುಡುಗ ಥೇಟ್ ನಿಮ್ಮ ಹಾಗೇ ಇದ್ದ" ಎಂದರು.

ಮಾಮನ ಗೆಳೆಯರೊಬ್ಬರು ಚಾಮರಾಜಪೇಟೆಯ ನಿವೃತ್ತ ಇತಿಹಾಸದ ಮೇಷ್ಟ್ರು. ಬೂಟಿನ ಜಗಳವೆಂದರೆ ಸಾಮಾನ್ಯವಲ್ಲ ಎಂದು ಮಾಮನಿಗೆ ಧೈರ್ಯ ತುಂಬಿದವರೇ ಅವರು. ಬರ್ಮಾದ ಮಿಂಡನ್ ರಾಜನ ಆಸ್ಥಾನದಲ್ಲಿ ಇಂಗ್ಲಿಷರ ರಾಯಭಾರಿಯೂ ಬೂಟು ಬಿಚ್ಚಿ ನೆಲದ ಮೇಲೆ ಕೂರಬೇಕಿತ್ತು. 1875ರ ಹೊತ್ತಿಗೆ, ಇನ್ನು ನಾವು ಬಿಚ್ಚುವುದಿಲ್ಲ ಎಂದು ಕಲ್ಕತ್ತದ ಸರ್ಕಾರ ಹಟಕ್ಕೆ ಬಿತ್ತು. ರಾಜನೂ ಬಗ್ಗಲಿಲ್ಲ. ರಾಯಭಾರಿ ಮತ್ತೆ ರಾಜನ ಮುಖ ಕಾಣಲಿಲ್ಲ. ಆಮೇಲೆ ತೇಗದ ಮರ, ಫ್ರೆಂಚರ ಭಯ, ಇನ್ನೂ ಏನೇನೋ ಸೇರಿಕೊಂಡು 1885ರಲ್ಲಿ ಇಂಗ್ಲಿಷರು ಬೂಟು ಹಾಕಿಕೊಂಡೇ ಮಂಡಲೆಗೆ ನುಗ್ಗಿದರು, ಮಿಂಡನ್ನನ ಮಗ ಥೀಬಾ ರತ್ನಾಗಿರಿಯಲ್ಲಿ ಸೆರೆಯಾದ. ಮೇಷ್ಟ್ರು ಇಷ್ಟು ಹೇಳಿ ಕಾಫಿ ಲೋಟ ಎತ್ತಿಕೊಂಡರು. ಮಾಮ ತುಂಬ ಹೊತ್ತು ಯೋಚಿಸಿದರು.

"ರಾಜಂಗೆ ಗೊತ್ತಾಗಲಿಲ್ಲ. ಬಿಚ್ಚಿ ಅಂತ ಹೇಳಬಾರದಾಗಿತ್ತು. ಪರವಾಗಿಲ್ಲ, ಹಾಕ್ಕೊಂಡೇ ಬನ್ನಿ ಅಂದಿದ್ರೆ ಅವರೇ ಬಿಚ್ಚಿ ಬರೋರು."

ಮೇಷ್ಟ್ರಿಗೆ ಉತ್ತರ ಹೊಳೆಯಲಿಲ್ಲ. ನನಗೂ ಇಂದಿನವರೆಗೆ ಹೊಳೆದಿಲ್ಲ.

ಆದರೆ ಅತ್ತೆಗೆ ಈ ರಾಜತಂತ್ರದಲ್ಲಿ ನಂಬಿಕೆಯಿಲ್ಲ. ಮೈಸೂರು ಅರಮನೆಗೇ ಜನ ಬರಿಗಾಲಲ್ಲಿ ಹೋಗುತ್ತಾರೆ, ನಮ್ಮ ಮನೆಯೇನು ಕಮ್ಮಿಯೇ ಎಂದು ಮಾಮ ಒಮ್ಮೆ ಮೀಸೆ ತಿರುವಿದಾಗ ಅವರೆಂದರು, "ಅಲ್ಲಿ ನಿಂತ್ಕೊಂಡು ಪರವಾಗಿಲ್ಲ ಪರವಾಗಿಲ್ಲ ಅನ್ನೋರು ಯಾರೂ ಇಲ್ಲ. ಚಪ್ಪಲಿ ಬಿಡಿ ಅಂತಾರೆ, ಬಿಡ್ತಾರೆ. ನೀವೂ ಒಂದು ಬೋರ್ಡು ಬರೆಸಿ ಹಾಕಿ."

"ಬೋರ್ಡ್ ಹಾಕಕ್ಕೆ ಇದೇನು ಕ್ಲಿನಿಕ್ಕಾ?" ಎಂದು ಮಾಮ ಸಿಡುಕಿದರು.

ವರ್ಷಕ್ಕೊಂದು ರಾತ್ರಿ ಮಾತ್ರ ಈ ಕಾವಲಿಗೆ ರಜೆ. ಚೈತ್ರ ಹುಣ್ಣಿಮೆಯ ರಾತ್ರಿ, ಧರ್ಮರಾಯನ ಗುಡಿಯಿಂದ ಹೊರಟ ಕರಗ ಪೇಟೆ ಬೀದಿಗಳನ್ನು ಸುತ್ತಿಕೊಂಡು ನಮ್ಮ ಮಸ್ತಾನ್ ಸಾಬರ ದರ್ಗಾಕ್ಕೂ ಬರುತ್ತದೆ. ಕರಗ ಹೊತ್ತವರದು ಬರಿಗಾಲು, ಕತ್ತಿ ಹಿಡಿದ ವೀರಕುಮಾರರದೂ ಬರಿಗಾಲು. ಅವತ್ತು ಬೀದಿಗೆ ನೀರು ಬೀಳುತ್ತದೆ, ರಂಗೋಲಿ ಬೀಳುತ್ತದೆ, ಮಲ್ಲಿಗೆ ಬೀಳುತ್ತದೆ. ಮಾಮ ಚಪ್ಪಲಿಯನ್ನು ಮನೆಯೊಳಗೇ ಬಿಟ್ಟು ಬೀದಿಗಿಳಿಯುತ್ತಾರೆ. ವರ್ಷವಿಡೀ ಯಾವ ಮಣ್ಣಿಗೆ ಹೆದರಿದರೋ ಅದೇ ಮಣ್ಣಿನಲ್ಲಿ, ನೂಕುನುಗ್ಗಲಿನಲ್ಲಿ, ಬೆಳಗಿನ ಜಾವದವರೆಗೆ ನಿಂತಿರುತ್ತಾರೆ. ಆಮೇಲೆ ಅದೇ ಕಾಲಲ್ಲಿ ಸೀದಾ ನಡುಮನೆಗೆ ಬರುತ್ತಾರೆ. ಅತ್ತೆ ಬಕೆಟ್ಟು ಮುಟ್ಟುವುದಿಲ್ಲ. ಕರಗ ನೋಡಿ ಬಂದ ಕಾಲಿನ ಮಣ್ಣಿಗೆ ಬೇರೆ ಕಾನೂನು.

ಕಾಲುಚೀಲದ ಸಮಸ್ಯೆಯನ್ನು ಹೇಳದೆ ಬಿಟ್ಟರೆ ಅತಿಥಿಗಳಿಗೆ ಅನ್ಯಾಯವಾಗುತ್ತದೆ. ಬಿಚ್ಚಿದ ಮೇಲೆ ಒಳಗಿನಿಂದ ಏನು ಹೊರಬರುತ್ತದೆಂದು ಬಿಚ್ಚಿಸಿದವರು ಯೋಚಿಸಿರುವುದಿಲ್ಲ. ಹೆಬ್ಬೆರಳು ಇಣುಕುವ ತೂತಿದ್ದರೆ ಅತಿಥಿ ಒಂದು ಕಾಲಿನ ಮೇಲೆ ಇನ್ನೊಂದನ್ನಿಟ್ಟು, ಕೂತಷ್ಟು ಹೊತ್ತೂ ಕೊಕ್ಕರೆಯಾಗಬೇಕು. ವಾಸನೆಯಿದ್ದರೆ ಮಾತು ಬೇಗ ಮುಗಿಯುತ್ತದೆ, ಕಾಫಿ ಬರುವುದಿಲ್ಲ. ಅಂಥ ಒಂದು ಸಂಜೆ ಮಾಮ ಬಾಗಿಲಿಗೆ ಹೋಗಿ ಗಾಳಿಗೆ ನಿಂತು, "ಇವನಿಗೆ ಮಾತ್ರ ಮನಸ್ಸಿಟ್ಟು ಹಾಕ್ಕೊಂಡೇ ಬನ್ನಿ ಅಂದಿದ್ದೆ" ಎಂದದ್ದು ನನ್ನ ಕಿವಿಗೆ ಬಿದ್ದಿದೆ.

ಹೀಗಿದ್ದ ಮಾಮನಿಗೆ ಸಕ್ಕರೆ ಕಾಯಿಲೆ ಹಿಡಿಯಿತು. ಡಾಕ್ಟರು ಪಾದಕ್ಕೆ ಏನೋ ಚುಚ್ಚಿ "ಗೊತ್ತಾಯ್ತಾ?" ಎಂದು ಕೇಳಿದರೆ ಮಾಮ "ಶುರು ಮಾಡಿ" ಎಂದರಂತೆ. ಚುಚ್ಚಿ ಆಗಲೇ ಮುಗಿದಿತ್ತು. ಪಾದಕ್ಕೆ ಸ್ಪರ್ಶ ಕಡಿಮೆಯಾಗಿದೆ, ಗಾಯವಾದರೂ ತಿಳಿಯುವುದಿಲ್ಲ, ತಿಳಿಯುವಷ್ಟರಲ್ಲಿ ಕೀವಾಗಿರುತ್ತದೆ. ಇನ್ನು ಮೇಲೆ ಮನೆಯೊಳಗೂ ಬರಿಗಾಲಲ್ಲಿ ನಡೆಯಕೂಡದು ಎಂದು ಮೆತ್ತನೆಯ ರಬ್ಬರಿನ ಎಂಸಿಆರ್ ಚಪ್ಪಲಿ ಬರೆದುಕೊಟ್ಟರು. "ಮನೆ ಒಳಗೆ ಚಪ್ಪಲೀನಾ? ಗುಳಿಗೆ ಬೇಕಾದ್ರೆ ಇನ್ನೆರಡು ಕೊಡಿ" ಎಂದು ಮಾಮ ಚೌಕಾಸಿಗಿಳಿದರು. ನಡೆಯಲಿಲ್ಲ.

ಎರಡು ಜೊತೆ ಬಂದವು. ಹೊರಗಿನದಕ್ಕೆ ಕಪ್ಪು ದಾರ, ಒಳಗಿನದಕ್ಕೆ ಅರಿಶಿನದ ದಾರ. ಒಳಗಿನ ಚಪ್ಪಲಿ ಹೊಸ್ತಿಲು ದಾಟಿಲ್ಲ, ದಾಟುವುದೂ ಇಲ್ಲ. ಅದು ಮಾಮನಿಗೆ ಗೊತ್ತು, ಅತ್ತೆಗೆ ಗೊತ್ತು. ಬಂದವರಿಗೆ ಗೊತ್ತಾಗುವುದು ಹೇಗೆ? ಬಾಗಿಲಿಗೆ ಬಂದವರು ಮೊದಲು ಮಾಮನ ಕಾಲು ನೋಡಿದರು. ನಡುಮನೆಯಲ್ಲಿ ಮನೆಯ ಯಜಮಾನನೇ ಚಪ್ಪಲಿ ಮೆಟ್ಟಿ ನಿಂತಿದ್ದಾನೆ. ಬಾಯಿಂದ "ಪರವಾಗಿಲ್ಲ, ಹಾಕ್ಕೊಂಡೇ ಬನ್ನಿ" ಎಂದೂ ಬರುತ್ತಿದೆ. ಮೊದಲ ಸಲ ಬಾಯಿಗೂ ಕಾಲಿಗೂ ತಾಳೆಯಾಯಿತು. ಪೇಟೆಯವರೇ, ಕಣ್ಣಿನ ಮಾತು ಬಲ್ಲವರೇ, ಹವಾಯಿ ಚಪ್ಪಲಿ ಸಮೇತ ಒಳಗೆ ಬರತೊಡಗಿದರು. ವರಮಹಾಲಕ್ಷ್ಮಿ ಹಬ್ಬದ ಸಂಜೆ ಅರಿಶಿನ ಕುಂಕುಮಕ್ಕೆ ಬಂದ ಎದುರುಮನೆಯ ಸೊಸೆ ಹೀಲ್ಸಿನಲ್ಲಿ ಟಕಟಕ ಎಂದು ಕಲಶದವರೆಗೆ ನಡೆದುಬಂದ ದಿನ ಅತ್ತೆ ಮಾತು ಬಿಟ್ಟರು.

ಮಾರನೆಯ ಬೆಳಗ್ಗೆ ಮಾಮ ಮೇನ್‌ರೋಡಿನ ಝೆರಾಕ್ಸ್ ಅಂಗಡಿಗೆ ಹೋಗಿ ಡಾಕ್ಟರ ಚೀಟಿಯನ್ನು ದೊಡ್ಡದಾಗಿ ಮಾಡಿಸಿ, ಲ್ಯಾಮಿನೇಶನ್ ಹಾಕಿಸಿ, ಬಾಗಿಲ ಪಕ್ಕದ ಗೋಡೆಗೆ ಅಂಟಿಸಿದರು. ತಾವು ಚಪ್ಪಲಿ ಹಾಕಿರುವುದು ವೈದ್ಯರ ಅಪ್ಪಣೆಯಿಂದ, ಉಳಿದವರಿಗೆ ಆ ಅಪ್ಪಣೆ ಇಲ್ಲ ಎಂದು ಜನ ತಿಳಿಯಲಿ ಎಂಬುದು ಉದ್ದೇಶ. ಜನ ತಿಳಿದದ್ದು ಬೇರೆ. ಈಗ ಬೆಳಗ್ಗೆ ಹಾಲು ಬರುವ ಹೊತ್ತಿಗೇ ಜಗುಲಿಯ ಮೇಲೆ ಸಾಲಾಗಿ, ಜೊತೆಜೊತೆಯಾಗಿ ಚಪ್ಪಲಿ ಬಿಟ್ಟು, ಯಾರೂ ಹೇಳದೆಯೇ ಕಾಲೊರೆಸಿಕೊಂಡು, ರಕ್ತಪರೀಕ್ಷೆಯ ಕಾಗದ ಹಿಡಿದು ಗೊತ್ತಿಲ್ಲದವರೆಲ್ಲ ಒಳಗೆ ಬಂದು ಕೂರುತ್ತಾರೆ. "ಡಾಕ್ಟರು ಎಷ್ಟು ಹೊತ್ತಿಗೆ ಬರ್ತಾರೆ?" ಎಂದು ಅತ್ತೆಯನ್ನು ಕೇಳುತ್ತಾರೆ. ಮಾಮ ಒಬ್ಬೊಬ್ಬರ ಪಕ್ಕ ಕೂತು, ಊಟಕ್ಕೆ ಮುಂಚೆ ಎಷ್ಟಿತ್ತು, ಊಟ ಆದ ಮೇಲೆ ಎಷ್ಟಿತ್ತು ಎಂದು ವಿಚಾರಿಸಿ, ಮಿಲ್ಲಿನ ಹಳೇ ಹಾಜರಿ ಪುಸ್ತಕದಲ್ಲಿ ಬರೆದುಕೊಳ್ಳುತ್ತಿದ್ದಾರೆ.