ಅರ್ಧ ಸಿಂಹ, ಅರ್ಧ ಮೀನು, ಐದು ರಾತ್ರಿ

ಸಿಂಗಪುರದಲ್ಲಿ ಎರಡು ರಾತ್ರಿ, ಹಡಗಿನಲ್ಲಿ ಮೂರು ರಾತ್ರಿ. ನಮ್ಮ ಟ್ರಾವೆಲ್ ಏಜೆಂಟ್ ಇದನ್ನು ‘ಕಪಲ್ ಕಾಂಬೊ’ ಎಂದು ಮಾರಿದ್ದ. ಮದುವೆಯಾಗಿ ಇಪ್ಪತ್ತೈದು ವರ್ಷವಾದ ನೆಪಕ್ಕೆ ನಾವಿಬ್ಬರೂ ಹೋಗಿದ್ದೆವು. ಹಡಗು ಇಳಿದ ದಿನ ವಿಮಾನಕ್ಕೆ ಇನ್ನೂ ಏಳು ಗಂಟೆ ಇತ್ತು. ನನ್ನಾಕೆ ಸೂಟ್‌ಕೇಸುಗಳನ್ನು ಕಾಲಿಗೆ ಒತ್ತಿಕೊಂಡು ನೆರಳಲ್ಲಿ ಕೂತಳು. ನಾನು ನೀರು ಉಗುಳುತ್ತ ನಿಂತಿದ್ದ ಮರ್‌ಲಯನ್‌ ಪ್ರತಿಮೆಯನ್ನು ಮಾತಿಗೆಳೆದೆ. ಅದಕ್ಕೆ ಕನ್ನಡ ಹೇಗೆ ಬಂತು ಅಂತ ಕೇಳಬೇಡಿ. “ರೀ, ಸ್ವಲ್ಪ ಎಡಕ್ಕೆ ಬನ್ನಿ” ಅನ್ನುವುದನ್ನು ದಿನವೂ ಕೇಳಿದರೆ ಕಲ್ಲಿಗೂ ಬರುತ್ತದೆ, ಇದು ಸಿಮೆಂಟು.

ನಾನು: ಮೊದಲು ತಮ್ಮ ಪರಿಚಯ?

ಮರ್‌ಲಯನ್: ತಲೆ ಸಿಂಹದ್ದು, ಕೆಳಗೆ ಮೀನು. ಎತ್ತರ 8.6 ಮೀಟರ್, ತೂಕ 70 ಟನ್. 1964ರಲ್ಲಿ ಇಲ್ಲಿನ ಪ್ರವಾಸೋದ್ಯಮ ಮಂಡಳಿಯ ಲಾಂಛನವಾಗಿ ಕಾಗದದ ಮೇಲೆ ಹುಟ್ಟಿದೆ. ಬರೆದವರು ಫ್ರೇಸರ್-ಬ್ರನ್ನರ್, ಮೀನಾಲಯದ ಕ್ಯುರೇಟರು. ಅವರ ಕೈಗೆ ಸಿಂಹ ಕೊಟ್ಟರೆ ಬಾಲ ಇನ್ನೆಂಥದ್ದು ಬರುತ್ತೆ? 1972ರಲ್ಲಿ ಶಿಲ್ಪಿ ಲಿಮ್ ನಾಂಗ್ ಸೆಂಗ್ ನನ್ನನ್ನು ಕಟ್ಟಿ ನಿಲ್ಲಿಸಿದರು. ಮೈಗೆ ಪಿಂಗಾಣಿ ತಟ್ಟೆ, ಕಣ್ಣಿಗೆ ಕೆಂಪು ಟೀ ಕಪ್ಪು. ಹತ್ತಿರ ಬಂದು ನೋಡಿ, ಸಂಕೋಚ ಬೇಡ.

ನಾನು: ನಮ್ಮ ಕಡೆಯವರು ದೇವರು ಅಂದುಕೊಳ್ಳುವುದಿಲ್ಲವೆ?

ಮರ್‌ಲಯನ್: ಹಿರಿಯರೊಬ್ಬರು ಕೈಮುಗಿದಿದ್ದರು. “ಮತ್ಸ್ಯಾವತಾರ, ನರಸಿಂಹಾವತಾರ ಎರಡೂ ಸರಿ, ನಡುವಿನ ಕೂರ್ಮ, ವರಾಹ ಎಲ್ಲಪ್ಪ?” ಅಂದರು. ಅದು ಪ್ಯಾಕೇಜಿನಲ್ಲಿ ಬರಲ್ಲ ಸ್ವಾಮಿ, ಬೇರೆ ದುಡ್ಡು, ಅಂದೆ.

ನಾನು: ಈ ಊರಿಗೂ ಸಿಂಹಕ್ಕೂ ಏನು ನಂಟು?

ಮರ್‌ಲಯನ್: ಪಲೆಂಬಾಂಗಿನ ರಾಜಕುಮಾರ ಸಂಗ್ ನೀಲ ಉತ್ತಮ ಇಲ್ಲಿಗೆ ಬಂದಾಗ ಯಾವುದೋ ಪ್ರಾಣಿ ಕಂಡನಂತೆ. ಸಿಂಹ ಅಂದುಕೊಂಡು ಊರಿಗೆ ಸಿಂಗಪುರ ಅಂತ ಹೆಸರಿಟ್ಟನಂತೆ. ಈ ದ್ವೀಪದಲ್ಲಿ ಸಿಂಹ ಇರಲೇ ಇಲ್ಲ, ಹುಲಿ ಇದ್ದೀತು ಅಂತಾರೆ ತಿಳಿದವರು. ಹೊರಗಿನಿಂದ ಬಂದವನೊಬ್ಬ ಅರೆಬರೆ ನೋಡಿ ಇಟ್ಟ ಹೆಸರಲ್ಲೇ ಈ ಊರು ನಡೀತಿದೆ. ಹಾಗಾಗಿ ನಿಮ್ಮಂಥ ಎರಡು ರಾತ್ರಿಯವರನ್ನು ನಾನು ಹಗುರವಾಗಿ ನೋಡುವುದಿಲ್ಲ.

ನಾನು: ಎರಡು ರಾತ್ರಿಯಲ್ಲಿ ದಂಪತಿ ಊರು ನೋಡುವುದು ಹೇಗೆ?

ಮರ್‌ಲಯನ್: ಮೊದಲು ನನ್ನ ಹತ್ತಿರ ಬರುತ್ತಾರೆ. ಗಂಡ ಬಾಯಿ ತೆಗೆದು ನಿಲ್ಲಬೇಕು, ಹೆಂಡತಿ ಕುಕ್ಕರಗಾಲಲ್ಲಿ ಕೂತು ಫೋನ್ ಹಿಡಿಯಬೇಕು. ನಾನು ಉಗುಳಿದ್ದು ನೇರ ಅವನ ಬಾಯಿಗೇ ಬಿದ್ದ ಹಾಗೆ ಫೋಟೋ ಬರಬೇಕು. ಒಂದು ಸಲ ಕಿವಿಗೆ ಬೀಳುತ್ತೆ, ಒಂದು ಸಲ ಬೋಳುತಲೆಗೆ. “ಅಷ್ಟು ತೆಗೀಬೇಡಿ, ಹಲ್ಲಿನ ಡಾಕ್ಟರ ಮುಂದೆ ಕೂತ ಹಾಗಿದೆ.” “ನಿನಗೆ ಬರಲ್ಲ, ಕೊಡಿಲ್ಲಿ.” ಹನ್ನೆರಡನೇ ಫೋಟೋಗೆ ಮಾತು ನಿಲ್ಲುತ್ತೆ. ಅಲ್ಲಿಂದ ಸೆರಂಗೂನ್ ರಸ್ತೆ. 1947ರಿಂದ ಇರುವ ಕೋಮಳ ವಿಲಾಸದಲ್ಲಿ ದೋಸೆ. ನಾಲ್ಕೂವರೆ ಗಂಟೆ ಹಾರಿ ಬಂದು ದೋಸೆ ತಿಂದು, “ನಮ್ಮ ಬಸವನಗುಡಿ ರುಚಿ ಇಲ್ಲ” ಅಂದಾಗ ಇಬ್ಬರೂ ಮತ್ತೆ ಒಂದಾಗುತ್ತಾರೆ. ಆಮೇಲೆ ಮುಸ್ತಫಾ ಅಂಗಡಿ. ನಾದಿನಿಗೆ ಚಾಕೊಲೇಟು, ಮಂಡಿನೋವಿನ ಅತ್ತೆಗೆ ಟೈಗರ್ ಬಾಮು. ಊರು ಮುಗೀತು.

ನಾನು: 2011ರಲ್ಲಿ ನಿಮ್ಮ ಸುತ್ತಲೇ ಹೋಟೆಲು ಕಟ್ಟಿದ್ದರಂತೆ?

ಮರ್‌ಲಯನ್: ಹೌದು, ಕಲಾ ಬಿನಾಲೆಗೆ ಅಂತ ಜಪಾನಿನ ಟಾಟ್ಸು ನಿಶಿ ಕಟ್ಟಿದ್ದು. ಒಂದೇ ಕೋಣೆ, ಹಾಸಿಗೆಯ ಪಕ್ಕಕ್ಕೇ ನನ್ನ ತಲೆ. ರಾತ್ರಿ ಜನ ಬಂದು ತಂಗುತ್ತಿದ್ದರು.

ನಾನು: ಗುಟ್ಟಿನ ಮಾತು ಏನಾದರೂ ಕಿವಿಗೆ ಬಿತ್ತೆ?

ಮರ್‌ಲಯನ್: “ಅಲಾರಾಂ ಎಷ್ಟಕ್ಕೆ ಇಡಲಿ?” ಅದೇ.

ನಾನು: ಇನ್ನು ಸಮುದ್ರದ ವಿಷಯಕ್ಕೆ ಬರೋಣ.

ಮರ್‌ಲಯನ್: ಅದನ್ನು ನೀವೇ ಹೇಳಬೇಕು. ನಾನು ಸಮುದ್ರ ನೋಡಿ ಎಷ್ಟೋ ವರ್ಷವಾಯಿತು.

ನಾನು: ಎದುರಿಗೇ ಇದೆಯಲ್ಲ!

ಮರ್‌ಲಯನ್: ಅದು ಕೆರೆ ರೀ. 2008ರಲ್ಲಿ ಆ ತುದಿಯಲ್ಲಿ ಮರೀನಾ ಬ್ಯಾರೇಜ್ ಕಟ್ಟಿ ಕೊಲ್ಲಿಯನ್ನು ಸಿಹಿನೀರಿನ ಜಲಾಶಯ ಮಾಡಿಕೊಂಡರು. ಅದಕ್ಕೂ ಮೊದಲು, 1997ರಲ್ಲಿ, ಎದುರಿಗೆ ಸೇತುವೆ ಬಂದು ನಾನು ಕಾಣದೇ ಹೋದೆ. 2002ರಲ್ಲಿ 120 ಮೀಟರ್ ಎತ್ತಿ ತಂದು ಇಲ್ಲಿಟ್ಟರು. ನನ್ನ ಅರ್ಧ ಮೈ ಮೀನು, ಆದರೂ ಹಡಗು ಹತ್ತಿದವನಲ್ಲ.

(ನಾನು ಬಾಯಿ ಮುಚ್ಚಿಕೊಂಡೆ. ಬೆಂಗಳೂರಿನಲ್ಲಿ ಧರ್ಮಾಂಬುಧಿ ಕೆರೆ ಮುಚ್ಚಿ ಬಸ್ ನಿಲ್ದಾಣ ಮಾಡಿಕೊಂಡವರು ನಾವು. ಇವರು ಸಮುದ್ರಕ್ಕೆ ಬಾಗಿಲು ಹಾಕಿ ಕೆರೆ ಮಾಡಿಕೊಂಡಿದ್ದಾರೆ.)

ಮರ್‌ಲಯನ್: ಹೇಳಿ, ಹಡಗು ಹೇಗಿತ್ತು?

ನಾನು: ಮೊದಲ ಕೆಲಸ ಕವಾಯತು. ಮುಳುಗಿದರೆ ಎಲ್ಲಿ ಸೇರಬೇಕು, ಜಾಕೆಟ್ಟು ಹೇಗೆ ಕಟ್ಟಬೇಕು. 1912ರಲ್ಲಿ ಟೈಟಾನಿಕ್ ಮುಳುಗಿ, 1914ರಲ್ಲಿ ಆದ ಒಪ್ಪಂದದ ಕೃಪೆ. ಇಪ್ಪತ್ತೈದು ವರ್ಷದಲ್ಲಿ ಮೊದಲ ಸಲ ನಾವಿಬ್ಬರೂ ಮೂರನೆಯವರ ಮಾತನ್ನು ಎದುರುತ್ತರ ಕೊಡದೆ ಕೇಳಿದ್ದು.

ಮರ್‌ಲಯನ್: ಆಮೇಲೆ?

ನಾನು: ಆಮೇಲೆ ಊಟ. ಹಡಗಲ್ಲಿ ದುಡ್ಡು ನಡೆಯಲ್ಲ, ಎಲ್ಲಕ್ಕೂ ಒಂದೇ ಕಾರ್ಡು. ದುಡ್ಡು ಕಣ್ಣಿಗೆ ಕಾಣದಿದ್ದರೆ ಖರ್ಚಾದ ಹಾಗೇ ಅನಿಸುವುದಿಲ್ಲ. ದಡ ಬಿಟ್ಟು ದೂರ ಹೋಗುವವರೆಗೆ ಜೂಜುಕೋಣೆಗೆ ಬೀಗ. ದೇಶದ ಕಾನೂನು ಮುಗಿದ ಕೂಡಲೇ ದೀಪ ಹತ್ತಿತು. ನಾನು ಹೋಗಲಿಲ್ಲ. ಹೋದೆ, ಬೇಗ ಬಂದೆ. ವೈಫೈಗೆ ಬೇರೆ ದುಡ್ಡು ಅಂತ ಮೊದಲ ರಾತ್ರಿ ತೆಗೆದುಕೊಳ್ಳಲಿಲ್ಲ. ಇಬ್ಬರೂ ಕೂತು ಮಾತಾಡಿದೆವು. ಹಳೆಯ ಸೈಟಿನ ವಿಷಯ ಬಂತು, ಅವಳ ಅಣ್ಣನ ವಿಷಯ ಬಂತು. ಬೆಳಗಾಗುತ್ತಲೇ ಹೋಗಿ ಎರಡು ಫೋನಿಗೂ ವೈಫೈ ಹಾಕಿಸಿದೆ.

ಮರ್‌ಲಯನ್: ನಾನು ಕೇಳಿದ್ದು ಸಮುದ್ರದ ವಿಷಯ.

ನಾನು: ನೋಡಿದೆವು. ಟಿವಿಯಲ್ಲಿ.

ಮರ್‌ಲಯನ್: ಟಿವಿಯಲ್ಲಿ?

ನಾನು: ಕಡಿಮೆ ದರದ ಕ್ಯಾಬಿನ್ನಿಗೆ ಕಿಟಕಿ ಇರುವುದಿಲ್ಲ. ಹಡಗಿನ ಮೂತಿಗೆ ಒಂದು ಕ್ಯಾಮೆರಾ ಇಟ್ಟು ಅದನ್ನೇ ಒಂದು ಚಾನೆಲ್ಲಿನಲ್ಲಿ ತೋರಿಸುತ್ತಾರೆ. ಮಲಾಕ್ಕಾ ಜಲಸಂಧಿಯನ್ನು ನಾವು ಹಾಸಿಗೆಯಲ್ಲೇ ಮಲಗಿ ದಾಟಿದೆವು. ಮೇಲಿನ ಡೆಕ್ಕಿಗೂ ಹತ್ತಿದ್ದೆವು, ಆದರೆ ಅಷ್ಟರಲ್ಲಿ ಬಫೆಯ ಹೊತ್ತಾಯಿತು.

ಮರ್‌ಲಯನ್ ಒಂದು ಗಳಿಗೆ ಸುಮ್ಮನಿತ್ತು. ನೀರು ಮಾತ್ರ ನಿಲ್ಲಲಿಲ್ಲ. “ನೀವು ಬೇಡ, ನಿಮ್ಮ ಮನೆಯವರನ್ನು ಕೇಳಿ” ಅಂದಿತು. ನಾನು ತಿರುಗಿ ಕೂಗಿದೆ, “ಏನೇ, ಸಮುದ್ರ ಹೇಗಿತ್ತು ಅಂತ ಕೇಳ್ತಿದಾರೆ.”

ಅವಳು ಬಿಲ್ಲು ಓದುತ್ತಿದ್ದಳು. ಬಕ್ಷೀಸು ತಲೆಗಿಷ್ಟು, ರಾತ್ರಿಗಿಷ್ಟು ಅಂತ ತಾನಾಗಿಯೇ ಸೇರಿತ್ತು. ತಲೆ ಎತ್ತದೆ ಹೇಳಿದಳು: “ಚೆನ್ನಾಗಿತ್ತು ಅನ್ನಿ. ಏಸಿ ಸ್ವಲ್ಪ ಜಾಸ್ತಿ.”

ಹೊರಡುವ ಓದುಗರಿಗೆ ಒಂದು ಮಾತು. ಹಡಗು ಹತ್ತಿದಿರಿ ಅಂದರೆ ಸಿಂಗಪುರ ಬಿಟ್ಟಿರಿ ಅಂತಲೇ ಲೆಕ್ಕ. ವಾಪಸ್ ಬಂದು ಇಳಿಯುವುದು ಎರಡನೇ ಪ್ರವೇಶ. ವೀಸಾದಲ್ಲಿ ಅದಕ್ಕೆ ಅವಕಾಶ ಇದೆಯೇ ಅಂತ ಟಿಕೆಟ್ ಮಾಡುವ ಮುಂಚೆಯೇ ನೋಡಿಕೊಳ್ಳಿ.