ಡ್ಯೂಪ್ಲೆಕ್ಸಿಗೆ ಗಿರಾಕಿ

ಬೆಂಗಳೂರಿನಲ್ಲಿ ಮನೆಯೊಂದು ಮಾರಾಟಕ್ಕಿದ್ದರೆ ಅದು ಮಾರುವವನು, ಕೊಳ್ಳುವವನು, ನಡುವೆ ನಿಂತ ಬ್ರೋಕರು, ಈ ಮೂವರ ತಲೆನೋವು. ಹಳ್ಳಿಯಲ್ಲಿ ಮನೆ ಮಾರಾಟಕ್ಕೆ ಬಂತೆಂದರೆ ಇಡೀ ಊರೇ ಪಾರ್ಟಿ. ಎಮ್ಮೆ ಹೊಡೆದುಕೊಂಡು ಹೋಗುವವರೂ ಒಂದು ಗಳಿಗೆ ನಿಂತು ರೇಟು ಹೇಳಿ ಹೋಗುತ್ತಾರೆ.

ಮಾರ್ಕೋನಹಳ್ಳಿಯಲ್ಲಿ ನನ್ನ ಮನೆಯ ಎಡಕ್ಕೆ ಅಂಥದ್ದೊಂದು ಮನೆ ಇದೆ. ಬಲಕ್ಕೆ ಅಕ್ಕನ ಮನೆ. ಮಾರಬೇಕಾದ ಹುಡುಗ ಬೆಂಗಳೂರಿನಲ್ಲಿದ್ದಾನೆ, ಬೀಗದ ಕೈ ನನ್ನ ಹತ್ತಿರ ಇದೆ. ಹಾಗಾಗಿ ವ್ಯಾಪಾರದ ಮಾತೆಲ್ಲ ನನ್ನ ಮತ್ತು ಅಕ್ಕನ ನಡುವಿನ ಬೇಲಿಯ ಮೇಲೇ ನಡೆಯುತ್ತದೆ. ನಾನು ನಿವೃತ್ತ ಮೇಷ್ಟ್ರು. ಅಕ್ಕ ನಿವೃತ್ತಿಯೇ ಇಲ್ಲದ ರೈತಳು. ಇಬ್ಬರಿಗೂ ಈ ವ್ಯಾಪಾರದಲ್ಲಿ ಕಮಿಷನ್ ಇಲ್ಲದ್ದರಿಂದ ಮಾತಿಗೆ ಮಿತಿಯೂ ಇಲ್ಲ. ನಮ್ಮೂರ ಅಣೆಕಟ್ಟಿಗೆ ತಾನಾಗಿ ಕೆಲಸ ಮಾಡುವ ಸೈಫನ್‌ಗಳಿವೆ. ಶಿಂಷೆಯ ನೀರು ಮಟ್ಟ ಮುಟ್ಟಿತೆಂದರೆ ಯಾರೂ ಗೇಟು ಎತ್ತುವ ಹಂಗಿಲ್ಲದೆ ಆಚೆಗೆ ಧುಮುಕುತ್ತದೆ. ನಾಲ್ವಡಿಯವರ ಕಾಲದ ಎಂಜಿನಿಯರುಗಳು ಅಕ್ಕನನ್ನು ನೋಡಿಯೇ ಆ ಉಪಾಯ ಹೂಡಿದರೇನೋ ಎಂದು ನನಗೆ ಆಗಾಗ ಅನುಮಾನ ಬರುತ್ತದೆ.

"ಮೇಷ್ಟ್ರೆ, ಬೆಳಿಗ್ಗೆ ಬಿಳೀ ಕಾರಲ್ಲಿ ಬಂದಿದ್ರಲ್ಲ, ಒಪ್ಕಂಡ್ರಾ?"

"ನೋಡಿದ್ರಕ್ಕ. ಫೋಟೋ ತಗಂಡ್ರು. ಮನೇಲಿ ಮಾತಾಡಿ ಹೇಳ್ತೀವಿ ಅಂದ್ರು."

"ಹೆಣ್ಣು ನೋಡಕ್ಕೆ ಬಂದೋರೂ ಹಂಗೇ ಅಂತಿದ್ರು ಬುಡಿ. ಉಪ್ಪಿಟ್ಟು ತಿಂದು ಹೋದೋರು ಕಾಗದಾನೇ ಹಾಕ್ಲಿಲ್ಲ."

ಮನೆಯ ಬಗ್ಗೆ ಹೇಳಬೇಕು. ಅದು ಸಾಮಾನ್ಯದ ಮನೆಯಲ್ಲ. ಕೆಳಗೊಂದು, ಮೇಲೆ ಎರಡು ಬೆಡ್‌ರೂಮು. ಮೂರಕ್ಕೂ ಅಂಟಿದ ಬಾತ್‌ರೂಮು. ಹಾಲಿನ ನಡುವಿನಿಂದ ಮೇಲಕ್ಕೆ ಹೋಗುವ ಗ್ರಾನೈಟ್ ಮೆಟ್ಟಿಲು, ಅದಕ್ಕೆ ಕನ್ನಡಿಯಂಥ ಸ್ಟೀಲಿನ ಕೈಪಿಡಿ. ಮಾಡ್ಯುಲರ್ ಕಿಚನ್ನು, ಸಂಪು, ಯುಪಿಎಸ್, ಸೋಲಾರ್, ಮುಂದೆ ಕಾರು ನಿಲ್ಲಿಸಲು ಜಾಗ, ಗೇಟಿನ ಮೇಲೆ ಎರಡು ಸಿಂಹ. ಬೆಂಗಳೂರಿನ ನಾಗರಬಾವಿಯಲ್ಲಿ ಒಂದು ಮನೆಯನ್ನು ನೋಡಿಕೊಂಡು ಬಂದು, ಅದರಂತೆಯೇ ಇಲ್ಲಿ ಕಟ್ಟಿಸಿದ್ದು. ಅಲ್ಲಿನ ಮನೆ ಮೂವತ್ತು-ನಲವತ್ತರ ಸೈಟಿನಲ್ಲಿ ಕಿಷ್ಕಿಂಧೆಯಾಗಿ ಎದ್ದಿತ್ತು, ಹಾಗಾಗಿ ಮಹಡಿ ಬೇಕಿತ್ತು. ಇಲ್ಲಿ ಹಿಂದೆ ಮುಂದೆ ಜಾಗ ಬಿದ್ದಿದ್ದರೂ ನಕಲು ತಪ್ಪಬಾರದೆಂದು ಮಹಡಿಯನ್ನೇ ಏರಿಸಿದರು. ಹುಡುಗನ ತಾಯಿಗೆ ಮಂಡಿನೋವು. ಮೇಲಿನ ಎರಡು ಕೋಣೆಗಳನ್ನು ಆಕೆ ಗೃಹಪ್ರವೇಶದ ದಿನ ಹತ್ತಿ ನೋಡಿದ್ದೇ ಕೊನೆ.

ಮೊದಲು ಅಲ್ಲಿದ್ದುದು ಅವರ ಅಜ್ಜನ ಕಾಲದ ತೊಟ್ಟಿಮನೆ. ನಾಡಹೆಂಚಿನ ಮಾಡು, ಮುಂದೆ ಜಗುಲಿ, ಒಳಗೆ ಹಲಸಿನ ಮರದ ಕಂಬ, ಪಡಸಾಲೆ, ಮೇಲೆ ಅಟ್ಟ. ಆ ಅಟ್ಟದ ಮಾತು ಬಂದರೆ ಅಕ್ಕನಿಗೆ ಈಗಲೂ ಹೊಟ್ಟೆ ಉರಿಯುತ್ತದೆ. ನಮ್ಮದು ತೆಂಗಿನ ಸೀಮೆ. ಉಂಡೆ ಕೊಬ್ಬರಿ ಆಗಬೇಕಾದರೆ ಬಲಿತ ಕಾಯಿಯನ್ನು ಮಟ್ಟೆಸಮೇತ ಅಟ್ಟಕ್ಕೆ ಹಾಕಿ ಹೆಚ್ಚುಕಡಿಮೆ ವರ್ಷ ಕಾಯಬೇಕು. ಕೆಳಗಿನ ಒಲೆಯ ಕಾವು, ಹೊಗೆ ತಾಗುತ್ತ ಒಳಗಿನ ನೀರು ಇಂಗಿ, ಗಿಟಕು ಚಿಪ್ಪು ಬಿಟ್ಟು, ಅಲ್ಲಾಡಿಸಿದರೆ ಲೊಡಲೊಡ ಎನ್ನಬೇಕು. ಆಮೇಲೆ ಸುಲಿದು, ಒಡೆದು, ತಿಪಟೂರಿನ ಮಾರುಕಟ್ಟೆಗೆ. ಅಂದರೆ ಹಳೇ ಮನೆಯ ತಲೆಯ ಮೇಲೇ ಒಂದು ಕಾರ್ಖಾನೆ ಇತ್ತು. ಮನೆ ತನ್ನ ಸುಣ್ಣಬಣ್ಣದ ಖರ್ಚನ್ನು ತಾನೇ ದುಡಿದುಕೊಳ್ಳುತ್ತಿತ್ತು. ಡ್ಯೂಪ್ಲೆಕ್ಸಿನಲ್ಲಿ ಅಟ್ಟವಿಲ್ಲ. ಗೃಹಪ್ರವೇಶವಾದ ವರ್ಷ ಕಾಯಿಯನ್ನು ಮೇಲಿನ ಬೆಡ್‌ರೂಮಿಗೆ ತುಂಬಿದರು. ಟೈಲ್ಸಿಗೆ ಕಲೆ ಬಿತ್ತೆಂದು ಮಗ ಸಿಡುಕಿದ. ಆಮೇಲೆ ಕಾಯಿಯನ್ನು ಹಸಿಯಾಗಿಯೇ ಮಾರಿದರು.

"ರಾಗಿ ಎಲ್ಲಿ ಇಡ್ತಾರೆ, ಮೇಷ್ಟ್ರೆ? ಅವರೇಕಾಯಿ ಎಲ್ಲಿ ಸುಲೀತಾರೆ? ನೆಂಟ್ರು ಬಂದ್ರೆ ಎಲ್ಲಿ ಉರುಳ್ಕೋತಾರೆ?"

"ನೆಂಟ್ರಿಗೆ ಗೆಸ್ಟ್ ರೂಮ್ ಐತಲ್ಲಕ್ಕ."

"ಒಬ್ಬೊಬ್ರನ್ನ ಒಂದೊಂದು ರೂಮಿಗೆ ಕೂಡಿ ಬಾಗಿಲು ಹಾಕಿದ್ರೆ ಅವ್ರು ನೆಂಟ್ರಾ, ಆಸ್ಪತ್ರೆಗೆ ಸೇರ್ದೋರಾ?"

ಈಗ ಮಾರುತ್ತಿರುವುದು ಯಾಕೆ? ಬಂದವರೆಲ್ಲ ಮೊದಲು ಕೇಳುವುದು ಇದನ್ನೇ. ನಿಜವಾದ ಕಾರಣ ಸಾದಾ: ಯಾವ ತಾಯಿಗಾಗಿ ಮನೆ ಕಟ್ಟಿದ್ದೋ ಆ ತಾಯಿ ಮೊಮ್ಮಗುವನ್ನು ನೋಡಿಕೊಳ್ಳಲು ಬೆಂಗಳೂರಿನ ಫ್ಲ್ಯಾಟು ಸೇರಿದ್ದಾರೆ, ಫ್ಲ್ಯಾಟಿಗೂ ಸಾಲ, ಇಲ್ಲಿಗೂ ಸಾಲ. ಆದರೆ ಸಾದಾ ಕಾರಣ ಊರಿಗೆ ರುಚಿಸುವುದಿಲ್ಲ. ಟೀ ಅಂಗಡಿಯಲ್ಲಿ ಕೇಳಿದರೆ ಬಾವಿ ಮುಚ್ಚಿ ಸಂಪು ಮಾಡಿದ್ದು ದೋಷ. ದೇವಸ್ಥಾನದ ಕಟ್ಟೆಯಲ್ಲಿ ಕೇಳಿದರೆ ಆಯ ಸರಿಯಿಲ್ಲ. ಹಾಲಿನ ಡೈರಿಯಲ್ಲಿ ಸೊಸೆಯ ಹೆಸರು ಕೇಳಿಬರುತ್ತದೆ. ಗಿರಾಕಿ ಈ ಮೂರೂ ಕಡೆ ವಿಚಾರಿಸಿಕೊಂಡು ನನ್ನ ಹತ್ತಿರ ಬರುವಷ್ಟರಲ್ಲಿ ಅವನ ಮುಖ ಬಾಡಿರುತ್ತದೆ.

ಲೆಕ್ಕವನ್ನೂ ಒಮ್ಮೆ ನೋಡೋಣ; ಗಣಿತ ಹೇಳಿಕೊಟ್ಟವನ ಚಾಳಿ. ಸಿಮೆಂಟಿಗೆ, ಕಬ್ಬಿಣಕ್ಕೆ, ಟೈಲ್ಸಿಗೆ ಬೆಂಗಳೂರಿಗೊಂದು ದರ, ಕುಣಿಗಲ್ಲಿಗೊಂದು ದರ ಅಂತೇನೂ ಇಲ್ಲ. ಒಳ್ಳೆ ಟೈಲ್ಸ್ ಕೆಲಸದವನು ಬೇಕೆಂದರೆ ಅವನ ಬಸ್ ಚಾರ್ಜು, ಊಟ ಮೇಲೆ ಬೀಳುತ್ತದೆ. ಅಂದಮೇಲೆ ಕಟ್ಟುವ ಖರ್ಚು ನಗರದ್ದೇ. ಮಾರುವಾಗ ಮಾತ್ರ ಬೆಲೆ ಹಳ್ಳಿಯದು. ನಗರದಲ್ಲಿ ಕಟ್ಟಡ ವರ್ಷವರ್ಷ ಸವೆದರೂ ಕೆಳಗಿನ ಜಾಗದ ಬೆಲೆ ಏರಿ ಆ ನಷ್ಟವನ್ನು ಮುಚ್ಚಿಬಿಡುತ್ತದೆ. ಇಲ್ಲಿ ಊರೊಳಗಿನ ಗ್ರಾಮಠಾಣಾ ಜಾಗ ಅಷ್ಟು ಏರುವುದಿಲ್ಲ, ಕಟ್ಟಡ ಸವೆಯುವುದೂ ನಿಲ್ಲುವುದಿಲ್ಲ. ಮೇಲಾಗಿ ಗ್ರಾಮಠಾಣಾ ಎಂದರೆ ಸಾಲ ಕೊಡುವವರೂ ಹಿಂದೆಮುಂದೆ ನೋಡುತ್ತಾರೆ. ಇಷ್ಟು ದುಡ್ಡು ಇರುವ ಊರವನು ತೋಟ ತಗೊಳ್ಳುತ್ತಾನೆ, ಇಲ್ಲವೇ ಅವನೂ ಒಂದು ಡ್ಯೂಪ್ಲೆಕ್ಸ್ ಎಬ್ಬಿಸುತ್ತಾನೆ; ಪಕ್ಕದವನು ಕಟ್ಟಿಸಿದ ಡ್ಯೂಪ್ಲೆಕ್ಸನ್ನು ಕೊಂಡರೆ ಗತ್ತು ಎಲ್ಲಿ ಉಳಿಯಿತು?

ಇನ್ನು ಬೆಂಗಳೂರಿನ ಗಿರಾಕಿ. ರಸ್ತೆ ಚೆನ್ನಾಗಿದೆ, ಯಡಿಯೂರಿನ ಹೆದ್ದಾರಿ ಹತ್ತಿರ. 2017ರಲ್ಲಿ ಹಾಸನದ ರೈಲು ಕುಣಿಗಲ್ ಮೇಲೆ ಓಡಲು ಶುರುವಾದ ಮೇಲೆ ಯಡಿಯೂರಿಗೂ ಸ್ಟೇಷನ್ ಬಂತು. 2020ರಲ್ಲಿ ಭೂಸುಧಾರಣೆ ಕಾಯ್ದೆಯ 79ಎ, 79ಬಿ ಕಲಮುಗಳನ್ನು ತೆಗೆದಮೇಲೆ ರೈತರಲ್ಲದವರೂ ಜಮೀನು ಕೊಳ್ಳಬಹುದಾಯಿತು. ಶನಿವಾರ ಭಾನುವಾರ ಕಾರುಗಳೇನೋ ಬರುತ್ತವೆ. ಆದರೆ ಅವರು ಹುಡುಕುವುದು ಬೇರೆ. ಮೊನ್ನೆ ಬಂದ ದಂಪತಿ ಸಿಂಹದ ಗೇಟಿನ ಮುಂದೆ ನಿಂತು ನನ್ನ ಹೆಂಚಿನ ಮನೆಯನ್ನೇ ದಿಟ್ಟಿಸಿದರು.

"ಅಂಕಲ್, ಇದು ಸೇಲ್‌ಗಿದೆಯಾ?"

"ಇಲ್ಲಮ್ಮ, ಇದರಲ್ಲಿ ನಾನಿದ್ದೀನಿ."

"ಇಂಥದ್ದು ಬೇಕಿತ್ತು. ಕಂಬ, ತೊಟ್ಟಿ ಇರೋದು. ಇದು ನಮ್ಮ ಲೇಔಟಿನ ಮನೆ ಥರಾನೇ ಇದೆ."

ಹುಡುಗ ನಾಗರಬಾವಿಯನ್ನು ನೋಡಿ ಇಲ್ಲಿ ಕಟ್ಟಿದ. ನಾಗರಬಾವಿಯವರು ಅದನ್ನು ಮರೆಯಲೆಂದು ಇಲ್ಲಿಗೆ ಬರುತ್ತಾರೆ. ಹಳ್ಳಿಯವನಿಗೆ ಬೇಕಾದ ಅಟ್ಟ ಇದರಲ್ಲಿಲ್ಲ, ಪಟ್ಟಣದವನಿಗೆ ಬೇಕಾದ ಹಳ್ಳಿಯೂ ಇದರಲ್ಲಿಲ್ಲ. ಕೆಡವಿದ ತೊಟ್ಟಿಮನೆಯ ಕಂಬಗಳನ್ನು ಹಳೇ ಮರದ ವ್ಯಾಪಾರಿಯೊಬ್ಬ ಟೆಂಪೋದಲ್ಲಿ ಹೇರಿಕೊಂಡು ಹೋಗಿದ್ದ. ಅವು ಈಗ ಬೆಂಗಳೂರಿನ ಯಾವುದೋ ರೆಸಾರ್ಟಿನಲ್ಲಿ, ಸೌದೆ ರೇಟಿನ ಹತ್ತು ಪಟ್ಟು ಬೆಲೆಗೆ ನಿಂತಿರಬೇಕು. ಮಣಿಪಾಲದಲ್ಲಿ ವಿಜಯನಾಥ ಶೆಣೈಯವರು ಎಲ್ಲೆಲ್ಲಿಯೋ ಬೀಳುತ್ತಿದ್ದ ಹಳೆಯ ಮನೆಗಳನ್ನು ಬಿಚ್ಚಿ ತಂದು, ಮತ್ತೆ ಜೋಡಿಸಿ, ಹಸ್ತಶಿಲ್ಪ ಎಂಬ ಊರನ್ನೇ ನಿಲ್ಲಿಸಿದರು. ಈಗ ಜನ ಟಿಕೆಟು ಕೊಂಡು ಅವನ್ನು ನೋಡುತ್ತಾರೆ. ಇದನ್ನು ಹೇಳಿದಾಗ ಅಕ್ಕ ತನ್ನ ಮನೆಯ ಕಡೆ ತಿರುಗಿ, "ನಂದಕ್ಕೂ ಟಿಕೆಟ್ ಇಡ್ಲಾ?" ಅಂದಳು.

ಇದು ನಮ್ಮೂರಿನ ಪಾಡು ಮಾತ್ರ ಅಂತ ತಿಳಿದಿದ್ದೆ. ನನ್ನ ತಂಗಿಯ ಮಗ ಇಂಗ್ಲೆಂಡಿನಲ್ಲಿದ್ದಾನೆ. ಅಲ್ಲಿನ ಹಳ್ಳಿಯೊಂದರಲ್ಲಿ ಮಾರಾಟಕ್ಕಿರುವ ಹೊಸ ಮನೆಯ ಫೋಟೋಗಳನ್ನು ಫೋನಿಗೆ ಕಳಿಸಿ, "ಮಾವ, ನೋಡಿ" ಎಂದ. ಇಟ್ಟಿಗೆಯ ಮನೆ, ಗ್ಯಾರೇಜು, ಹಿಂದೆ ಹುಲ್ಲು. ಜೊತೆಗೆ ಬಣ್ಣಬಣ್ಣದ ಪಟ್ಟಿ. ಅಲ್ಲಿ ಮನೆ ಮಾರುವ ಮುಂಚೆ ಅದನ್ನು ಬೆಚ್ಚಗಿಡಲು ಎಷ್ಟು ಇಂಧನ ಬೇಕೆಂದು ಅಳೆದು ಎ ಯಿಂದ ಜಿ ವರೆಗೆ ದರ್ಜೆ ಕೊಡಬೇಕಂತೆ. ಹಳೇ ಕಾಲದ ಹುಲ್ಲುಮಾಡಿನ ಮನೆಗಳಿಗೆ ನೋಟ ಹೆಚ್ಚು, ಆದರೆ ಚಳಿ. ಸಂರಕ್ಷಿತ ಪಟ್ಟಿಯಲ್ಲಿದ್ದರೆ ಕಿಟಕಿ ಬದಲಿಸಲೂ ಸ್ಥಳೀಯ ಆಡಳಿತದ ಒಪ್ಪಿಗೆ ಬೇಕು. ಹಾಗಾಗಿ ಮಕ್ಕಳೊಂದಿಗರು ಹೊಸ ಮನೆಗೇ ಹೋಗುತ್ತಾರಂತೆ. ಫೋನನ್ನು ಬೇಲಿಯ ಮೇಲಿನಿಂದ ಅಕ್ಕನಿಗೆ ಕೊಟ್ಟೆ.

"ನಮ್ಮೂರಲ್ಲಿ ತಣ್ಣಗಿರೋದಕ್ಕೆ ಮಾರ್ಕು ಕೊಡ್ಬೇಕಿತ್ತು ಕಣಿ ಮೇಷ್ಟ್ರೆ. ಏಪ್ರಿಲಲ್ಲಿ ಆ ಮೋಲ್ಡ್ ಮನೆ ಮೇಲಿನ ರೂಮಲ್ಲಿ ಮಲಗಿದ್ರೆ ಹಪ್ಪಳ ಆಯ್ತಾರೆ. ಫೇಲು!"

ಅಲ್ಲಿಯೂ ವಾರಕ್ಕೆರಡು ದಿನ ಬರುವ ನಗರದವರು ಹಳ್ಳಿಯ ಮನೆಗಳನ್ನೆಲ್ಲ ಕೊಂಡು, ಊರ ಮಕ್ಕಳಿಗೇ ಮನೆ ಸಿಗದಂತಾಗಿದೆ. ಕಾರ್ನ್‌ವಾಲಿನ ಸೇಂಟ್ ಐವ್ಸ್ ಎಂಬ ಊರಿನವರು 2016ರಲ್ಲಿ ಮತ ಹಾಕಿ, ಇನ್ನು ಕಟ್ಟುವ ಹೊಸ ಮನೆ ಸದಾ ವಾಸ ಮಾಡುವವರಿಗೇ ಹೋಗಬೇಕು ಎಂದು ನಿಯಮ ಮಾಡಿಕೊಂಡರು. 2025ರ ಏಪ್ರಿಲ್‌ನಿಂದ ಇಂಗ್ಲೆಂಡಿನ ಊರಾಡಳಿತಗಳು ಇಂಥ ಎರಡನೇ ಮನೆಗಳಿಗೆ ತೆರಿಗೆಯನ್ನು ದುಪ್ಪಟ್ಟು ಮಾಡಬಹುದು. ಅವರಿಗೆ ಕೊಳ್ಳುವವರು ಹೆಚ್ಚಾಗಿ ಕಷ್ಟ, ನಮಗೆ ಇಲ್ಲದೆ ಕಷ್ಟ. ಎರಡೂ ಕಡೆ ಮನೆಗೆ ಬೀಗ ಬಿದ್ದಿರುವುದಂತೂ ಒಂದೇ. ಇನ್ನೊಂದು ತಮಾಷೆ. ಅಲ್ಲಿ ಬೆಲೆ ಒಪ್ಪಿಕೊಂಡಮೇಲೂ ಕರಾರುಪತ್ರ ಕೈ ಬದಲಾಗುವವರೆಗೆ ಯಾರೂ ಬದ್ಧರಲ್ಲ; ನಡುವೆ ಹೆಚ್ಚಿಗೆ ಕೊಡುವವನು ಬಂದರೆ ಅವನಿಗೇ ಕೊಟ್ಟುಬಿಡಬಹುದು.

"ಒಪ್ಕಂಡು ವೀಳ್ಯದೆಲೆ ಹಿಡಿಯೋದಿಲ್ವಾ?" ಅಂದಳು ಅಕ್ಕ. ಇಂಗ್ಲಿಷರ ಮೇಲೆ ಅವಳಿಗಿದ್ದ ಗೌರವ ಆ ಸಂಜೆ ಕೊಂಚ ಇಳಿಯಿತು.

ಹಾಗಂತ ನಮ್ಮಲ್ಲಿ ವೀಳ್ಯ ಹಿಡಿದರೆ ಮುಗಿಯಿತೇ? ಕಳೆದ ವರ್ಷ ಒಬ್ಬ ಗಿರಾಕಿ ನಿಜಕ್ಕೂ ಒಪ್ಪಿದ್ದ. ತುಮಕೂರಿನವನು, ಯಡಿಯೂರು ಸಿದ್ಧಲಿಂಗೇಶ್ವರರ ಒಕ್ಕಲು. ಅವನ ವಕೀಲರು ಪಂಚಾಯ್ತಿಯ ಇ-ಸ್ವತ್ತಿನ ನಮೂನೆ 9, ನಮೂನೆ 11 ಕೇಳಿದರು, ಕೊಟ್ಟಾಯಿತು. ಋಣಭಾರ ಪತ್ರ ಕೇಳಿದರು, ತೆಗೆಸಿದ್ದಾಯಿತು. ನೋಂದಣಿ ಶುಲ್ಕ 2025ರ ಆಗಸ್ಟ್ 31ರಿಂದ ಶೇ 1ರಿಂದ 2ಕ್ಕೆ ಏರಿದ್ದನ್ನೂ ಗೊಣಗುತ್ತ ನುಂಗಿಕೊಂಡರು. ಕೊನೆಗೆ ವಂಶವೃಕ್ಷ ಕೇಳಿದರು. ಅಲ್ಲಿ ಕೊಂಬೆ ತೊಡರಿತು.

ಜಾಗ ಅಜ್ಜನದು, ವಿಭಾಗವಾಗಿಲ್ಲ. ಹುಡುಗನಿಗೆ ಮೂವರು ಸೋದರತ್ತೆಯರು. ಪಿತ್ರಾರ್ಜಿತದಲ್ಲಿ ಹೆಣ್ಣುಮಕ್ಕಳಿಗೂ ಹುಟ್ಟಿನಿಂದಲೇ ಪಾಲು ಎಂದು ಕರ್ನಾಟಕ 1994ರಲ್ಲೇ ಕಾನೂನು ಮಾಡಿತು, ಆಗಿನ್ನೂ ಮದುವೆಯಾಗದವರಿಗೆ. 2005ರಲ್ಲಿ ಕೇಂದ್ರದ ತಿದ್ದುಪಡಿ ಆ ಭೇದವನ್ನೂ ಅಳಿಸಿತು. 2020ರಲ್ಲಿ ಸುಪ್ರೀಂ ಕೋರ್ಟು, ತಿದ್ದುಪಡಿ ಬಂದ ದಿನ ತಂದೆ ಬದುಕಿರಲೇಬೇಕೆಂದೇನಿಲ್ಲ ಎಂದಿತು. ಹಾಗಾಗಿ ಮೂವರ ರುಜುವೂ ಬೇಕು. ದೊಡ್ಡತ್ತೆ, ಚಿಕ್ಕತ್ತೆ ಒಪ್ಪಿದರು. ನಡುವಿನವರು ಮಾತ್ರ ಕುರ್ಚಿ ಎಳೆದುಕೊಂಡು ಕೂತು, ಶಾಂತವಾಗಿ ಕೇಳಿದರು: "ಸೈನ್ ಹಾಕ್ತೀನಪ್ಪ. ಆದ್ರೆ ನಮ್ಮಪ್ಪನ ಮನೆ ಕಂಬ ಮಾರಿದ್ಯಲ್ಲ, ಅದ್ರಲ್ಲಿ ನನ್ನ ಪಾಲು ಎಲ್ಲಿ?"

ದುಡ್ಡಿನ ಆಸೆ ಅಂತ ಹುಡುಗ ರೇಗಿದ. ನನಗೆ ಹಾಗನ್ನಿಸಲಿಲ್ಲ. ಆಕೆಯ ಬಾಣಂತನವಾದದ್ದು ಆ ಮನೆಯಲ್ಲಿ. ಕೆಡವುವಾಗ ಒಂದು ಮಾತು ಕೇಳದವರು ಮಾರುವಾಗ ರುಜು ಕೇಳಿಕೊಂಡು ಬಂದರೆ ಯಾರಾದರೂ ಕುರ್ಚಿ ಎಳೆದುಕೊಂಡು ಕೂರುವುದೇ ಸರಿ. ಅವರ ರಾಜಿ ಮುಗಿಯುವಷ್ಟರಲ್ಲಿ ತುಮಕೂರಿನವನು ಅದೇ ದುಡ್ಡಿಗೆ ಅಮೃತೂರಿನ ಕಡೆ ತೋಟ ಕೊಂಡ. ಅದರ ಜೊತೆಗೆ ಅಟ್ಟವಿರುವ ಒಂದು ಹಳೇ ಮನೆಯೂ ಬಂತಂತೆ.

ಈಗ ಮೂವರ ರುಜುವೂ ಸಿಕ್ಕಿದೆ. ಹುಡುಗ ಫೋನು ಮಾಡಿ, "ಮೇಷ್ಟ್ರೆ, ನೀವೇ ಒಂದು ಒಳ್ಳೆ ಜಾಹೀರಾತು ಬರೆದುಕೊಡಿ" ಎಂದ. ಬೇಲಿಯ ಈಚೆ ನಾನು ಬರೆದೆ, ಆಚೆಯಿಂದ ಅಕ್ಕ ತಿದ್ದಿದಳು. ಮೂರು ಬೆಡ್‌ರೂಮಿನ ಆಧುನಿಕ ಮನೆ ಎಂದು ಬರೆದೆ. ಮಂಡಿ ಗಟ್ಟಿ ಇರೋರಿಗೆ ಅಂತ ಸೇರಿಸಿ ಅಂದಳು. ಡ್ಯಾಮಿನ ನೋಟ ಎಂದು ಬರೆದೆ. ಹುಣಸೇಮರ ಅಡ್ಡ ಐತೆ, ಅದು ನಂದು, ಕಡಿಯಲ್ಲ ಅಂತ ಹಾಕಿ ಅಂದಳು. ಪ್ರಶಾಂತ ವಾತಾವರಣ ಎಂದು ಬರೆದದ್ದಕ್ಕೆ ಇಬ್ಬರೂ ನಕ್ಕು ಹೊಡೆದುಹಾಕಿದೆವು. ಬೆಲೆ ಮಾತುಕತೆಗೆ ಬಿಟ್ಟದ್ದು ಎಂದು ಮುಗಿಸುವುದರಲ್ಲಿದ್ದೆ, ಅಕ್ಕ ತಡೆದಳು.

"ಒಂದು ಕಂಡೀಸನ್ ಹಾಕಿ. ಆ ಮನೆಗೆ ಹಿತ್ತಲ ಕಡೆ ಬಾಗಿಲೇ ಇಲ್ಲ. ಗ್ಲಾಸು ಕಿಟಕಿ ಮಡಗವ್ರೆ, ತೆಗೆಯಕ್ಕೂ ಬರಲ್ಲ. ತಗಳೋರು ಮೊದ್ಲು ಅಲ್ಲೊಂದು ಬಾಗಿಲು ಒಡೆಸ್ಬೇಕು. ಸಾಲ, ಸೋಲ, ಸೊಪ್ಪು, ಸುದ್ದಿ ಎಲ್ಲ ಬರೋದು ಆ ಕಡೆಯಿಂದ್ಲೇ. ಒಪ್ಪಿದ್ರೆ ರೇಟಲ್ಲಿ ವಸಿ ಕಮ್ಮಿ ಮಾಡ್ಸನ."

ಹಾಗೇ ಬರೆದು ಹುಡುಗನಿಗೆ ಕಳಿಸಿದ್ದೇನೆ. ಓದುಗರಲ್ಲಿ ಯಾರಿಗಾದರೂ ಮನಸ್ಸಿದ್ದರೆ ಬಂದು ನೋಡಬಹುದು. ಬೀಗದ ಕೈ ನನ್ನ ಹತ್ತಿರ ಇದೆ. ಉಳಿದ ವಿವರವೆಲ್ಲ ಅಕ್ಕನ ಹತ್ತಿರ.