ಅಪ್ಪೆಮಿಡಿ ಶಾಸನ

ವಾಟ್ಸಾಪ್ ಗುಂಪಿಗೆ 256 ಜನರ ಮಿತಿ ಇದ್ದ ಕಾಲದಲ್ಲಿ ಸ್ವಂತ ನಾದಿನಿಯನ್ನೇ ಹೊರಗೆ ನಿಲ್ಲಿಸಿದವಳು ನಾನು. ಬೇಕೆಂದು ಮಾಡಿದ್ದಲ್ಲ. ಅವಳು 257ನೆಯವಳಾಗಿ ಬಂದಳು, ಅಷ್ಟೊತ್ತಿಗೆ ಬಾಗಿಲು ಹಾಕಿತ್ತು. ‘ಊರವರಿಗೆಲ್ಲ ಜಾಗ ಇದೆ, ನಂಗೆ ಮಾತ್ರ ಇಲ್ಲ’ ಎಂದು ಅವಳು ಅತ್ತೆಗೆ ಫೋನು ಮಾಡಿ ಅತ್ತದ್ದೂ ಆಯಿತು. ಯಾರನ್ನಾದರೂ ತೆಗೆಯಲೇಬೇಕು. ಪಟ್ಟಿಯನ್ನು ಮೇಲಿಂದ ಕೆಳಗೆ ಮೂರು ಸಲ ನೋಡಿ, ಯಾರಿಗೂ ಬೇಜಾರಾಗದ ಹಾಗೆ, ನಮ್ಮ ಯಜಮಾನರನ್ನೇ ತೆಗೆದುಹಾಕಿದೆ. ಆಮೇಲೆ ಮಿತಿ 512 ಆಯಿತು, 1024 ಆಯಿತು. ನಾನೂ ಕರೆಯಲಿಲ್ಲ, ಅವರೂ ಕೇಳಲಿಲ್ಲ. ಸಂಸಾರ ಸುಖವಾಗಿ ನಡೆದಿದೆ.

ಗುಂಪಿನ ಹೆಸರು ‘ಮಿಡಿ ಮಿತ್ರರು’. 2021ರ ಎರಡನೇ ಲಾಕ್‌ಡೌನಿನಲ್ಲಿ ಹೊತ್ತು ಹೋಗದೆ, ಅತ್ತೆ ಉಪ್ಪಿಗೆ ಹಾಕಿದ್ದ ಅಪ್ಪೆಮಿಡಿಯ ಫೋಟೋ ತೆಗೆದು ನಾಲ್ಕು ಜನಕ್ಕೆ ಕಳಿಸಿದೆ. ತೊಟ್ಟು ಬಿಡದ, ಹದವಾಗಿ ಮುರುಟಿದ ಮಾವಿನ ಮಿಡಿ. ಆ ಫೋಟೋ ಸಾಗರದಿಂದ ಹೊರಟು ಶಿರಸಿ, ಸಿದ್ದಾಪುರ, ಹೊಸನಗರ ಸುತ್ತಿ, ನ್ಯೂಜೆರ್ಸಿಯ ಒಬ್ಬರ ನಿಟ್ಟುಸಿರಾಗಿ ವಾಪಸ್ ಬಂತು. ಸೊನೆಯ ವಾಸನೆ ನೆನಪಾದ ಮನುಷ್ಯನನ್ನು ಗುಂಪಿಗೆ ಸೇರಿಸುವುದು ಕಷ್ಟವಲ್ಲ, ಸುಮ್ಮನೆ ಕೂರಿಸುವುದು ಕಷ್ಟ.

ಇಲ್ಲಿ ಒಂದು ಗುಟ್ಟು ಹೇಳಿಬಿಡುತ್ತೇನೆ. ನಾನು ತುಮಕೂರಿನ ಕಡೆಯವಳು. ಅನಂತ ಭಟ್ಟನ ಅಪ್ಪೆಯನ್ನೂ ಜೀರಿಗೆ ಮಿಡಿಯನ್ನೂ ಪಕ್ಕಪಕ್ಕ ಇಟ್ಟರೆ ಇವತ್ತಿಗೂ ಹೆಸರು ಅದಲುಬದಲು ಮಾಡುತ್ತೇನೆ. ಗುಂಪಿನಲ್ಲಿ ಪ್ರಶ್ನೆ ಬಂದರೆ ಅಡುಗೆಮನೆಗೆ ಓಡಿ ಅತ್ತೆಯನ್ನು ಕೇಳಿ, ಅವರು ಹೇಳಿದ್ದಕ್ಕೆ ಎರಡು ಗಾದೆ ಸೇರಿಸಿ ಬರೆಯುತ್ತಿದ್ದೆ. ಆರು ತಿಂಗಳಲ್ಲಿ ನನ್ನನ್ನು ‘ಗುರುಗಳೇ’ ಎನ್ನತೊಡಗಿದರು. ನಾನು ಬೇಡವೆನ್ನಲಿಲ್ಲ.

‘ದೊಡ್ಡಮ್ಮ, ಇದು ಕಮ್ಯುನಿಟಿ. ಇದರಲ್ಲಿ ದುಡ್ಡಿದೆ’ ಎಂದವನು ಬೆಂಗಳೂರಿನಲ್ಲಿ ಕಂಪ್ಯೂಟರ್ ಕೆಲಸದಲ್ಲಿರುವ ಮೈದುನನ ಮಗ. ಕೆವಿನ್ ಕೆಲ್ಲಿ ಎಂಬ ಅಮೆರಿಕದವರು 2008ರಲ್ಲೇ ಲೆಕ್ಕ ಹಾಕಿಟ್ಟಿದ್ದಾರಂತೆ. ಕೋಟಿ ಜನ ಬೇಡ, ನಿಜವಾದ ಅಭಿಮಾನಿಗಳು ಸಾವಿರ ಜನ ಸಾಕು. ತಲೆಗೆ ವರ್ಷಕ್ಕೆ ನೂರು ಡಾಲರ್ ಎಂದರೆ ಒಂದು ಲಕ್ಷ ಡಾಲರ್. ಆ ರಾತ್ರಿ ನನಗೆ ನಿದ್ದೆಯಿಲ್ಲ. ಅಡುಗೆಮನೆಗೆ ಹೊಸ ಕಟ್ಟೆ, ಹಿತ್ತಿಲಿಗೆ ಶೀಟು, ಅತ್ತೆಗೆ ಎರಡೆಳೆ ಸರ ಎಲ್ಲ ಮಾಡಿಸಿ, ಬೆಳಗಿನ ಜಾವ ನಾದಿನಿಗೆ ಎಷ್ಟು ಕೊಡಬೇಕೆಂಬಲ್ಲಿಗೆ ಬಂದು ಮನಸ್ಸು ಕೆಟ್ಟು ಮಲಗಿದೆ. ಕೆಲ್ಲಿಯವರು ತಿಳಿದವರು, ಇಲ್ಲವೆನ್ನುವುದಿಲ್ಲ. ಆದರೆ ‘ಮನೇಲೇ ಹಾಕಿದ್ದಲ್ವಾ, ಒಂದು ಬಾಟ್ಲಿ ಹಾಗೇ ಕೊಡಿ’ ಎನ್ನುವ ಅಭಿಮಾನಿಯನ್ನು ಅವರು ಲೆಕ್ಕಕ್ಕೆ ಹಿಡಿದ ಹಾಗಿಲ್ಲ.

ತಿಂಗಳಿಗೆ 99 ರೂಪಾಯಿಯ ‘ವಿಶೇಷ ಸದಸ್ಯತ್ವ’ ಶುರು ಮಾಡಿದೆವು. ವಿಶೇಷವೆಂದರೆ ಅತ್ತೆಯ ಗುಟ್ಟಿನ ಅಳತೆ. ಅತ್ತೆಯನ್ನು ಕೇಳಿದರೆ ‘ಅಳತೆ ಎಂತದು ಮಾರಾಯ್ತಿ? ಕೈಗೆ ಗೊತ್ತಾಗ್ತದೆ’ ಎಂದರು. ಅದನ್ನೇ ಬರೆದು ಹಾಕಿದೆ. ಹನ್ನೊಂದು ಜನ ಸೇರಿದ್ದರು, ಮುಂದಿನ ತಿಂಗಳು ಹತ್ತು ಜನ ಬಿಟ್ಟರು. ಉಳಿದವರು ಎಂಬತ್ತು ದಾಟಿದ ಒಬ್ಬ ಅಜ್ಜ, ನಿವೃತ್ತ ಗ್ರಾಮಲೆಕ್ಕಿಗರು. ಒಂದನೇ ತಾರೀಕು ಬೆಳಿಗ್ಗೆ ಹಾಲಿಗಿಂತ ಮೊದಲು ಅವರ 99 ರೂಪಾಯಿ ಬರುತ್ತಿತ್ತು. ಏನೂ ಕೇಳುತ್ತಿರಲಿಲ್ಲ.

ಗುಂಪು ಕಟ್ಟುವುದೆಂದರೆ ಏನೋ ಎಂದುಕೊಂಡಿದ್ದೆ. ಬೆಳಿಗ್ಗೆ ಎದ್ದು ಅರವತ್ತು ಗುಲಾಬಿ ಅಳಿಸುವುದು, ಅಷ್ಟೇ. ಅದರ ಮೇಲೆ ಇಂಗಿನ ಯುದ್ಧ. ಮಿಡಿಗೆ ಇಂಗು ಹಾಕಬಹುದೆಂದು ಯಾರೋ ಪಾಪದವರು ಬರೆದದ್ದಕ್ಕೆ ಒಬ್ಬ ಮಹನೀಯರು ನಲವತ್ತು ಜನರನ್ನು ಕಟ್ಟಿಕೊಂಡು ಹೊರನಡೆದು ‘ಶುದ್ಧ ಮಿಡಿ ಮಿತ್ರರು’ ಸ್ಥಾಪಿಸಿದರು. ಹೋಗಲಿ, ಅದಕ್ಕೆ ಬೇಸರವಿಲ್ಲ. ಆದರೆ ಅವರ ಗುಂಪಿನ ಮುಖಚಿತ್ರದಲ್ಲಿರುವ ಭರಣಿ ನಮ್ಮತ್ತೆಯದು. ಬಾಯಿಗೆ ಕಟ್ಟಿದ ಬಟ್ಟೆ ನನ್ನ ಹಳೇ ಸೀರೆಯ ಸೆರಗು! ಈಗಲೂ ನೆನೆಸಿಕೊಂಡರೆ ಮೈ ಉರಿಯುತ್ತದೆ.

ಇನ್ನು ಯೂಟ್ಯೂಬ್. ಜಾಹೀರಾತಿನ ದುಡ್ಡು ಬರಬೇಕಾದರೆ 1000 ಚಂದಾದಾರರಿರಬೇಕು, ಹನ್ನೆರಡು ತಿಂಗಳಲ್ಲಿ ಜನ 4000 ಗಂಟೆ ನೋಡಿರಬೇಕು. ಅಂದರೆ 2,40,000 ನಿಮಿಷ. ನಮ್ಮದು ಆರು ನಿಮಿಷದ ವಿಡಿಯೋ. 40,000 ಸಲ ಯಾರಾದರೂ ಕೂತು ಕೊನೇತನಕ ನೋಡಬೇಕು. ನಾನು ಮಾತಾಡಿದ ಎಂಟು ವಿಡಿಯೋಗಳನ್ನು ನಾನು ನೋಡಿದೆ, ನ್ಯೂಜೆರ್ಸಿಯವರು ನೋಡಿದರು. ಒಂಬತ್ತನೆಯದರಲ್ಲಿ ಅತ್ತೆ ಕ್ಯಾಮೆರಾ ಇರುವುದನ್ನು ಮರೆತು ನನ್ನನ್ನು ಬೈದರು: ‘ಒದ್ದೆ ಕೈ! ಒದ್ದೆ ಕೈ ಹಾಕ್ಬೇಡ! ಇಪ್ಪತ್ತೆಂಟು ವರ್ಷ ಆಯ್ತು, ಇವಳ ಕೈಯಿಂದ ತುಮಕೂರಿನ ನೀರು ಆರಲಿಲ್ಲ.’ ಅದು ಓಡಿತು. ಸೊಸೆಯರು ಅತ್ತೆಯರಿಗೆ ಕಳಿಸಿದರು, ಅತ್ತೆಯರು ಸೊಸೆಯರಿಗೆ ಕಳಿಸಿದರು, ಮಿಡಿಯನ್ನು ಯಾರೂ ನೋಡಲಿಲ್ಲ. 4000 ಗಂಟೆ ದಾಟಿತು.

ಖಾತೆಯಲ್ಲಿ ಹತ್ತು ಡಾಲರ್ ಆದ ಮೇಲೆ ಗೂಗಲ್‌ನವರು ವಿಳಾಸ ಖಾತ್ರಿಗೆಂದು ಒಂದು ಕಾಗದ ಹಾಕುತ್ತಾರೆ. ಅಂಚೆಯಲ್ಲಿ! ಜಗತ್ತಿನ ಸಂದಿಗೊಂದಿಗಳನ್ನೆಲ್ಲ ಅಂಗೈಯಲ್ಲಿ ತೋರಿಸುವವರೂ ನಮ್ಮ ಬೀದಿಯ ಪೋಸ್ಟ್‌ಮ್ಯಾನನ್ನೇ ನೆಚ್ಚಿಕೊಂಡಿದ್ದಾರೆಂದು ತಿಳಿದು ನನಗೆ ಅವರ ಮೇಲೆ ಗೌರವ ಹೆಚ್ಚಿತು. ಕಾಗದದೊಳಗೆ ಆರು ಅಂಕಿಯ ಪಿನ್. ಮೂರು ಸಲ ತಪ್ಪು ಹಾಕಿದರೆ ಜಾಹೀರಾತು ಬಂದ್.

ಕಾಗದ ಬಂದ ದಿನ ನಾನು ಪೇಟೆಗೆ ಹೋಗಿದ್ದೆ. ಇಂಗ್ಲಿಷಿನಲ್ಲಿದ್ದುದರಿಂದ ಮುಖ್ಯವಾದದ್ದಲ್ಲ ಎಂದು ತೀರ್ಮಾನಿಸಿದ ಅತ್ತೆ ಅದನ್ನು ಬಿಡಿಸಿ ಭರಣಿಯ ಅಡಿಗೆ ಹಾಸಿದ್ದರು. ವಾರದ ಮೇಲೆ ನನ್ನ ಕಣ್ಣಿಗೆ ಬಿತ್ತು. ಅಂಕಿಗಳೆಲ್ಲ ಉಪ್ಪುನೀರಿನಲ್ಲಿ ತೊಯ್ದಿದ್ದರೂ ಸ್ಪಷ್ಟವಾಗಿದ್ದವು. ಸಂತೋಷ ತಡೆಯದೆ, ಪಾತ್ರೆ ತೊಳೆಯುತ್ತಿದ್ದ ಕೈಯಲ್ಲೇ ಎಳೆದು, ಮೂರನೇ ಅಂಕಿಯ ಮೇಲೆ ಹೆಬ್ಬೆರಳು ಒತ್ತಿ ಒರೆಸಿದೆ. ಅತ್ತೆ ಏನೂ ಅನ್ನಲಿಲ್ಲ. ನನ್ನ ಕೈ ನೋಡಿದರು, ಅಷ್ಟೇ.

ಉಳಿದದ್ದು ಬಲಕ್ಕೆ ಬಾಗಿದ ಎರಡು ಡೊಂಕು. ಮೂರೋ ಎಂಟೋ ಒಂಬತ್ತೋ? ಹೊಸ ಕಾಗದ ತರಿಸಬಹುದಿತ್ತು, ಆದರೆ ಇನ್ನೂ ಕೆಲವು ವಾರ ಯಾರು ಕಾಯುತ್ತಾರೆ? ಫೋಟೋ ತೆಗೆದು ಗುಂಪಿಗೆ ಹಾಕಿದೆ: ‘ಮಿತ್ರರೇ, ಇದು ಎಷ್ಟು?’

612 ಜನ ಎದ್ದು ಕೂತರು. ಅರಿಶಿನ ಉದುರಿಸಿ ಊದಿ ಎಂದರು ಒಬ್ಬರು. ದೀಪಕ್ಕೆ ಹಿಡಿಯಿರಿ, ಬೆನ್ನಿನಿಂದ ಓದಿ ಎಂದರು ಇನ್ನೊಬ್ಬರು. ಇತಿಹಾಸದ ಮೇಷ್ಟ್ರೊಬ್ಬರು ಪಡಿಯಚ್ಚು ತೆಗೆಯಲು ಹೇಳಿ, ‘ಹಲ್ಮಿಡಿಯಂಥ ಶಾಸನವನ್ನೇ ಓದಿದ ನಾಡು ನಮ್ಮದು, ಇದೇನು ಮಹಾ’ ಎಂದು ಧೈರ್ಯ ತುಂಬಿದರು. ಅಲ್ಲಿಂದ ದಾರಿ ತಪ್ಪಿತು.

‘ಹಲ್ಮಿಡಿ ಎಲ್ಲಿ ಸಿಗ್ತದೆ ಸಾರ್?’ ಎಂದು ಶಿರಸಿಯಿಂದ ಪ್ರಶ್ನೆ.

‘ಬೇಲೂರು ತಾಲೂಕಿನಲ್ಲಿ ಸಿಕ್ಕಿದ್ದು. ಈಗ ಮ್ಯೂಸಿಯಮ್ಮಿನವರ ಹತ್ತಿರ ಇದೆ. ಕಲ್ಲು.’

‘ಕಲ್ಲುಪ್ಪಿನಲ್ಲಿ ಹಾಕಿದ್ದಾ?’

‘ಸ್ವಾಮಿ, ಅದು ಕ್ರಿ.ಶ. 450ರ ಸುಮಾರಿನದು.’

‘ಇಷ್ಟು ವರ್ಷ ಕೆಡದೆ ಇದೆಯಾ! ಯಾರ ಮನೆಯವರು ಹಾಕಿದ್ದು?’

‘ಬೂಸಲು ಬಂದಿಲ್ವಾ?’ ಎಂದು ಹೊಸನಗರ.

‘ಸಸಿ ಸಿಕ್ಕಿದರೆ ನಂಗೂ ಎರಡು ಇರಲಿ’ ಎಂದು ನ್ಯೂಜೆರ್ಸಿ.

ಮೇಷ್ಟ್ರು ಗುಂಪು ಬಿಟ್ಟರು. ಯಾರೋ ಮತದಾನ ಇಟ್ಟರು. ಎಂಟಕ್ಕೆ 212, ಮೂರಕ್ಕೆ 187, ‘ಯಾವುದಾದರೂ ಆಗಲಿ, ಮಿಡಿ ಯಾವಾಗ ಕಳಿಸ್ತೀರಿ’ ಎಂಬುದಕ್ಕೆ 96. ಅಷ್ಟರಲ್ಲಿ ಬೆಂಗಳೂರಿನಿಂದ ಫೋನು: ‘ದೊಡ್ಡಮ್ಮ! ಪಿನ್ ಯಾರಿಗೂ ತೋರಿಸ್ಬಾರ್ದು! ಅಷ್ಟೂ ಜನಕ್ಕೆ ತೋರಿಸಿದ್ರಾ?’ ‘ಒಂದು ಅಂಕಿ ಕಾಣೋದಿಲ್ವಲ್ಲೋ’ ಎಂದೆ. ಪ್ರಜಾಪ್ರಭುತ್ವಕ್ಕೆ ತಲೆಬಾಗಿ ಎಂಟು ಹಾಕಿದೆ. ತಪ್ಪು. ಹಿರಿಯರ ಮಾತಿಗೆ ಬೆಲೆ ಕೊಟ್ಟು ಅತ್ತೆ ಹೇಳಿದ ಒಂಬತ್ತು ಹಾಕಿದೆ. ಅದೂ ತಪ್ಪು.

ರಾತ್ರಿ ಹನ್ನೊಂದೂವರೆಗೆ ಅಜ್ಜ ಬರೆದರು, ಎರಡು ವರ್ಷದಲ್ಲಿ ಮೊದಲ ಸಲ.

‘ತಂಗೀ, ಅದು ಮೂರು. ಎಂಟಾಗಿದ್ದರೆ ಎಡಗಡೆಯೂ ಶಾಯಿ ಇಳಿದಿರುತ್ತಿತ್ತು. ಅಲ್ಲಿ ನೀರಿನ ಕಲೆ ಇದೆ, ಶಾಯಿಯದ್ದಿಲ್ಲ. ಒದ್ದೆ ಕಾಗದ ನಾನು ಬಹಳ ಓದಿದ್ದೇನೆ. 1964ರಲ್ಲಿ ಲಿಂಗನಮಕ್ಕಿ ನೀರು ನಿಂತಾಗ ನಮ್ಮದು ಮುಳುಗಡೆಯ ಊರು. ಗಾಡಿಯಲ್ಲಿ ಸಾಗಿಸುವಾಗ ಪತ್ರಗಳ ಪೆಟ್ಟಿಗೆ ನೆನೆಯಿತು. ಪರಿಹಾರಕ್ಕಾಗಿ ಒಂದೊಂದು ಅಂಕಿಯನ್ನೂ ಬಿಸಿಲಿಗಿಟ್ಟು ಓದಿದ್ದು ನಾನೇ. ಶರಾವತಿಯ ದಂಡೆಯಲ್ಲಿ ನಮ್ಮದೊಂದು ಅಪ್ಪೆಮರ ಇತ್ತು. ಹೆಸರಿರಲಿಲ್ಲ, ಮನೆಮರ ಎನ್ನುತ್ತಿದ್ದೆವು. ಕಸಿ ಕಟ್ಟಿಕೊಂಡು ಹೊರಡಬೇಕೆಂದು ಯಾರಿಗೂ ಹೊಳೆಯಲಿಲ್ಲ. ತೊಟ್ಟು ಮುರಿದರೆ ಜೀರಿಗೆಯೂ ಅಲ್ಲ, ಕರ್ಪೂರವೂ ಅಲ್ಲ, ನಡುವಿನದೊಂದು ವಾಸನೆ. ಯಾರ ಮನೆಯಲ್ಲಾದರೂ ಅಂಥದ್ದು ಇದೆಯೋ ಎಂದು ನೋಡುತ್ತಾ ಇದ್ದೇನೆ. 99 ರೂಪಾಯಿ ಅದಕ್ಕೆ.’

ಇದರ ಕೆಳಗೆ ನಾಲ್ಕು ನಿಮಿಷ ಏನೂ ಬರಲಿಲ್ಲ. ನಮ್ಮ ಗುಂಪಿನಲ್ಲಿ, ನಾಲ್ಕು ನಿಮಿಷ! ಆಮೇಲೆ ಯಾರೋ ಒಂದು ಗುಲಾಬಿ ಹಾಕಿ ‘ಶುಭರಾತ್ರಿ’ ಎಂದರು. ತಡೆಯಲಾಗದೆ ಆ ನಂಬರನ್ನು ಆ ಕ್ಷಣವೇ ಗುಂಪಿನಿಂದ ಕಿತ್ತುಹಾಕಿದೆ. ಬೆಳಿಗ್ಗೆ ಅತ್ತೆಗೆ ಫೋನು ಬಂದಾಗ ಗೊತ್ತಾಯಿತು, ಅದು ನಾದಿನಿಯದು.

ಮೂರು ಸರಿಯಾಗಿತ್ತು. ನೂರು ಡಾಲರ್ ತುಂಬದೆ ದುಡ್ಡು ಕಳಿಸುವುದಿಲ್ಲವಾದ್ದರಿಂದ ಮತ್ತೆ ಏಳು ತಿಂಗಳು ಹಿಡಿಯಿತು. ಎಂಟು ಸಾವಿರ ಚಿಲ್ಲರೆ ರೂಪಾಯಿ. ಅತ್ತೆ ‘ಬೈದದ್ದು ನಾನು’ ಎಂದು ಅರ್ಧ ತೆಗೆದುಕೊಂಡರು. ಉಳಿದರ್ಧ ಕೊರಿಯರಿಗೆ ಹೋಗುತ್ತಿದೆ. ಏಕೆಂದರೆ ಈಗ ಮಿಡಿಯ ಕಾಲ ಬಂತೆಂದರೆ ಮಿತ್ರರು ತಂತಮ್ಮ ಮರದ್ದು ಹತ್ತತ್ತು ಮಿಡಿ ನನಗೆ ತಲುಪಿಸುತ್ತಾರೆ, ಯಾರ ಮನೆಯದೆಂದು ಚೀಟಿ ಕಟ್ಟಿ ನಾನು ಅಜ್ಜನಿಗೆ ಕಳಿಸುತ್ತೇನೆ. ಅಜ್ಜ ತೊಟ್ಟು ಮುರಿದು ಮೂಸಿ ವರದಿ ಬರೆಯುತ್ತಾರೆ. ಹದಿನೇಳನೆಯ ಕಟ್ಟಿನ ವರದಿ ನಿನ್ನೆ ಬಂತು: ‘ಹತ್ತಿರ ಇದೆ. ಇದಲ್ಲ. ಉಪ್ಪು ಹಚ್ಚಿ ತಿಂದೆ, ಚೆನ್ನಾಗಿತ್ತು.’